ಓಡಿದಾಗ ಎದೆ ಹೊಡೆದುಕೊಂಡರೆ

ಕೈಕಾಲುಗಳು ಕೆಲಸ ಮಾಡುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಹೊಟ್ಟೆ ಹಸಿದರೆ ಕೂಡಲೇ ತಿಳಿಯುತ್ತದೆ. ಆದರೆ ಹಗಲಿರುಳೂ ದುಡಿಯುವ ಹೃದಯದ ನೆನಪು ನಮಗೆ ಬರುವುದೇ ಅಪರೂಪ. ನಮ್ಮ ನಮ್ಮ ಮುಷ್ಟಿಯಷ್ಟೇ ಗಾತ್ರದ ಈ ಅಂಗ ನಿಮಿಷಕ್ಕೆ ಸುಮಾರು 70 ಸಲ, ಅಂದರೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಓಡಿದಾಗ, ಬೆಟ್ಟ ಹತ್ತಿದಾಗ, ಹೆದರಿದಾಗ ಮಾತ್ರ ಅದು ಡವಡವನೆ ಸದ್ದು ಮಾಡಿ ತಾನಿರುವುದನ್ನು ತಿಳಿಸುತ್ತದೆ. ಕೆಲವರನ್ನು ಆ ಸದ್ದೇ ಭಯವಾಗಿ ಕಾಡುವುದುಂಟು. ಅಂಥವರಲ್ಲಿ ನಾನೂ ಒಬ್ಬ. ಆ ಭಯವನ್ನು ಪಳಗಿಸಿಕೊಂಡ ಬಗೆಯನ್ನು ನಮ್ಮ ಶಾಲೆಯ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ತಿಳಿಸೋಣವೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ತೀರಿಕೊಂಡಾಗ ಅವರಿಗೆ 48 ವರ್ಷ. ಹೊಲದಿಂದ ಬಂದು ಜಗಲಿಯ ಮೇಲೆ ಕುಳಿತವರು ಎದೆನೋವೆಂದರು. ಗಾಡಿ ಹೊಂದಿಸಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನಾಗ ಹತ್ತನೆಯ ತರಗತಿಯಲ್ಲಿದ್ದೆ. ಅಂದಿನಿಂದ ನನ್ನ ಮನಸ್ಸಿನ ಮೂಲೆಯಲ್ಲಿ 48 ಎಂಬ ಅಂಕಿ ಕುಳಿತುಬಿಟ್ಟಿತು. ಗಣಿತದ ಮೇಷ್ಟ್ರಾದ ನನಗೆ ಬೇರಾವ ಅಂಕಿಯೂ ಅಷ್ಟು ಭಾರವೆನಿಸಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಬಂತು. ಡೆಂಕಣಿಕೋಟೆ ತಮಿಳುನಾಡಿನಲ್ಲಿದ್ದರೂ ಅಂದು ಇಲ್ಲಿಯ ಎಷ್ಟೋ ಕನ್ನಡದ ಮನೆಗಳಲ್ಲಿ ಒಲೆ ಹಚ್ಚಲು ಮನಸ್ಸು ಬರಲಿಲ್ಲ. ದಿನವೂ ವ್ಯಾಯಾಮ ಮಾಡುತ್ತಿದ್ದ, ನೋಡಿದರೆ ಸಂತೋಷವಾಗುವಂಥ ಮೈಕಟ್ಟಿನ ಮನುಷ್ಯ. ವಯಸ್ಸು 46. ನನ್ನ ವಯಸ್ಸೂ ಆಗ ಅಷ್ಟೇ. ಆ ಸುದ್ದಿಯ ಬೆನ್ನಲ್ಲೇ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ತಪಾಸಣೆಗಾಗಿ ಬರುವವರ ಸಂಖ್ಯೆ ಏರಿತೆಂದು ಪತ್ರಿಕೆಗಳು ಬರೆದವು. ಹೆದರಿದವನು ನಾನೊಬ್ಬನೇ ಅಲ್ಲವೆಂದು ಅದರಿಂದ ತಿಳಿಯಿತು.

ಆ ವೇಳೆಗೆ ನಾನು ಬೆಳಗಿನ ಹೊತ್ತು ತಳಿ ರಸ್ತೆಯಲ್ಲಿ ಬಿರುಸಾಗಿ ನಡೆಯುವ ಅಭ್ಯಾಸ ಇಟ್ಟುಕೊಂಡಿದ್ದೆ. ಸುದ್ದಿ ಕೇಳಿದ ಮರುವಾರ ರಸ್ತೆಯ ಏರಿನಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಅಲ್ಲೇ ನಿಂತು ಕೈನಾಡಿ ಹಿಡಿದು ಎಣಿಸಿದೆ: ನಿಮಿಷಕ್ಕೆ 128. ಎಣಿಸುತ್ತಿದ್ದಂತೆಯೇ ಅದು ಇನ್ನೂ ಏರಿತು. ಅಂಗೈ ಬೆವರಿತು, ಕಾಲು ನಡುಗಿತು. ಅಂದಿನಿಂದ ನಡಿಗೆ ಅರ್ಧಕ್ಕೆ ಇಳಿಯಿತು, ಎಣಿಕೆ ಎರಡರಷ್ಟಾಯಿತು. ಶಾಲೆಯ ಮೆಟ್ಟಿಲು ಹತ್ತಿದರೂ ಬೆರಳು ತಾನಾಗಿ ಮಣಿಕಟ್ಟಿಗೆ ಹೋಗುತ್ತಿತ್ತು.

ಮನೆಯವರ ಒತ್ತಾಯಕ್ಕೆ ವೈದ್ಯರ ಬಳಿಗೆ ಹೋದೆ. ತಂದೆಯ ವಿಷಯ ಹೇಳಿದೆ. ಅವರು ರಕ್ತದೊತ್ತಡ, ಸಕ್ಕರೆ, ಕೊಬ್ಬು ಪರೀಕ್ಷಿಸಿ, ಇ.ಸಿ.ಜಿ. ಮತ್ತು ಎಕೋ ಮಾಡಿಸಿದರು. ಆಮೇಲೆ ಓಡುವ ಪಟ್ಟಿಯ ಮೇಲೆ ನಡೆಸಿ, ಹೃದಯಕ್ಕೆ ದುಡಿಮೆ ಹೆಚ್ಚಿದಾಗ ಅದು ಹೇಗೆ ನಡೆದುಕೊಳ್ಳುತ್ತದೆಂದು ನೋಡಿದರು. ಆ ಯಂತ್ರದ ಮೇಲೆ ನನ್ನ ನಾಡಿ 160 ದಾಟಿದ್ದನ್ನು ನಾನೇ ಕಂಡೆ. ಪರೀಕ್ಷೆ ಮುಗಿದ ಮೇಲೆ ವೈದ್ಯರು, "ಮೇಷ್ಟ್ರೇ, ನಿಮ್ಮ ಹೃದಯ ಸರಿಯಾಗಿದೆ. ಓಡಿದಾಗ ಅದು ಜೋರಾಗಿ ಬಡಿಯದಿದ್ದರೆ ನಾನು ಚಿಂತೆ ಮಾಡುತ್ತಿದ್ದೆ. ನಡೆಯುವುದನ್ನು ಬಿಡಬೇಡಿ" ಎಂದರು.

ಆ ಮಾತಿನಿಂದ ಸಮಾಧಾನವಾಯಿತು. ಆದರೆ ಅದು ಹದಿನೈದು ದಿನವೂ ಬಾಳಲಿಲ್ಲ. ಕಾಗದದ ಮೇಲಿನ ವರದಿ ಬುದ್ಧಿಗೆ ಒಪ್ಪಿತ್ತು, ಎದೆಗೆ ಒಪ್ಪಿರಲಿಲ್ಲ. ಭಯದ ಸ್ವಭಾವವೇ ಅಂಥದು. ಹಗ್ಗವನ್ನು ಹಾವೆಂದು ಕಂಡು ಹೆದರಿದವನಿಗೆ ದೀಪ ಹಿಡಿದು ತೋರಿಸಿದರೂ ಸ್ವಲ್ಪ ಹೊತ್ತು ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆಯಲ್ಲವೆ?

ಆಗ ನಾನು ಈ ವಿಷಯವನ್ನು ಪಾಠದಂತೆ ಓದಿ ತಿಳಿಯಲು ಹೊರಟೆ. ತಿಳಿದದ್ದು ಇಷ್ಟು. ದುಡಿಯುವ ಸ್ನಾಯುಗಳಿಗೆ ಪ್ರಾಣವಾಯು ಬೇಕು; ಅದನ್ನು ಹೊತ್ತೊಯ್ಯುವುದು ರಕ್ತ. ಸುಮ್ಮನೆ ಕುಳಿತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತದೆ. ಜೋರಾಗಿ ಓಡುವಾಗ ಅದು 20 ಲೀಟರಿಗೂ ಮೇಲೆ ಹೋಗಬಹುದು. ಬಡಿತ ಏರದೆ ಇದು ಸಾಧ್ಯವಿಲ್ಲ. ಹೃದಯಕ್ಕೆ ಬ್ರೇಕಿನಂತೆ ಒಂದು ನರವಿದೆ. ನಾವು ನಡೆಯತೊಡಗಿದೊಡನೆ ಮೊದಲು ಆ ಬ್ರೇಕು ಸಡಿಲವಾಗುತ್ತದೆ. ಇನ್ನೂ ಬಿರುಸಾದರೆ ಅಡ್ರಿನಲಿನ್ ಎಂಬ ರಸ ಸೇರಿ ವೇಗ ಹೆಚ್ಚಿಸುತ್ತದೆ. ನಿಂತ ಮೇಲೆ ಬ್ರೇಕು ಮತ್ತೆ ಬಿಗಿಯುತ್ತದೆ. ಮೊದಲು ಬೇಗನೆ, ಆಮೇಲೆ ನಿಧಾನವಾಗಿ ಬಡಿತ ಇಳಿಯುತ್ತದೆ.

ಇದೇ ಅಡ್ರಿನಲಿನ್ ಹೆದರಿದಾಗಲೂ ಹೊರಬರುತ್ತದೆ. ರಾಗಿ ಕೊಯ್ಲಿನ ಕಾಲದಲ್ಲಿ ಕಾಡಿನಿಂದ ಆನೆ ಇಳಿದಿದೆ ಎಂದು ಯಾರಾದರೂ ಕೂಗಿದರೆ ಸಾಕು, ಕುಳಿತವನ ಎದೆಯೂ ಓಡುವವನ ಎದೆಯಂತೆ ಬಡಿದುಕೊಳ್ಳುತ್ತದೆ. ಇನ್ನು, ಹೆದರಿಕೆ ತನ್ನ ಎದೆಬಡಿತದ ಮೇಲೆಯೇ ಆದರೆ? ಬಡಿತದಿಂದ ಭಯ, ಭಯದಿಂದ ಇನ್ನಷ್ಟು ಬಡಿತ. ಗಾಣದ ಎತ್ತಿನಂತೆ ಮನಸ್ಸು ಸುತ್ತಿದಲ್ಲೇ ಸುತ್ತುತ್ತದೆ. ತಳಿ ರಸ್ತೆಯಲ್ಲಿ ಎಣಿಸುತ್ತಿದ್ದಂತೆ ನಾಡಿ ಏರಿದ್ದರ ಗುಟ್ಟು ಇದೇ.

ಈ ತೊಂದರೆ ಹೊಸದೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಎಷ್ಟೋ ಸೈನಿಕರು ಎದೆಬಡಿತ, ಏದುಸಿರು, ಎದೆನೋವು ಎಂದು ಆಸ್ಪತ್ರೆ ಸೇರಿದ್ದರು. ಡಾ. ಜೇಕಬ್ ಡ ಕೋಸ್ಟ ಎಂಬವರು ಅಂಥ 300ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ 1871ರಲ್ಲಿ ಲೇಖನ ಪ್ರಕಟಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದೇ ತೊಂದರೆ ಬ್ರಿಟಿಷ್ ಸೈನ್ಯದಲ್ಲಿ ಕಾಣಿಸಿತು. ಹೃದ್ರೋಗ ತಜ್ಞ ಥಾಮಸ್ ಲೂಯಿಸ್ ಅವರು ಇಂಥ ಸೈನಿಕರನ್ನು ಹಾಸಿಗೆಯಲ್ಲಿ ಮಲಗಿಸಿಡದೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಕವಾಯತು ಮಾಡಿಸಿದರು. ಅನೇಕರು ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಪಾಲ್ ವುಡ್ ಎಂಬ ವೈದ್ಯರು ಇದರ ಬೇರು ಹೃದಯದಲ್ಲಿಲ್ಲ, ಭಯದಲ್ಲಿದೆ ಎಂದು ಬರೆದರು. ಗುಂಡಿನ ಎದುರು ನಿಂತ ಸೈನಿಕರನ್ನೇ ಕಾಡಿದ ಭಯ ಒಬ್ಬ ಮೇಷ್ಟ್ರನ್ನು ಕಾಡಿದರೆ ಆಶ್ಚರ್ಯವೇನು? ಇದನ್ನು ಓದಿದ ಮೇಲೆ ನನಗೆ ದಾರಿಯೂ ತೋರಿತು.

ಮೊದಲನೆಯದಾಗಿ, ನಾಡಿ ಎಣಿಕೆಗೆ ಕಟ್ಟು ಹಾಕಿದೆ. ಬೆಳಗ್ಗೆ ಎದ್ದಾಗ ಒಂದು ಸಲ, ಅಷ್ಟೇ. ಗಡಿಯಾರಕ್ಕೂ ನಾಡಿಗೂ ಹಳೆಯ ನಂಟು. 1707ರಲ್ಲಿ ಇಂಗ್ಲೆಂಡಿನ ಸರ್ ಜಾನ್ ಫ್ಲಾಯರ್ ಎಂಬ ವೈದ್ಯರು ನಾಡಿ ಎಣಿಸಲೆಂದೇ ಸರಿಯಾಗಿ ಒಂದು ನಿಮಿಷ ನಡೆಯುವ ಗಡಿಯಾರ ಮಾಡಿಸಿದ್ದರು. ಈಗ ಕೈಗಡಿಯಾರವೇ ಕ್ಷಣಕ್ಷಣಕ್ಕೂ ಬಡಿತ ತೋರಿಸುತ್ತದೆ. ಬೇಕಾದವರಿಗೆ ಅದು ಉಪಕಾರಿ. ಹೆದರುವವನಿಗೆ ಅದು ಹುಣ್ಣನ್ನು ಕೆರೆದಂತೆ. ಗಡಿಯಾರ ತಯಾರಿಸುವ ಹೊಸೂರಿನ ಪಕ್ಕದಲ್ಲೇ ಇದ್ದರೂ ನಡಿಗೆಯ ಹೊತ್ತಿನಲ್ಲಿ ನನ್ನ ಗಡಿಯಾರ ಮನೆಯ ಗೂಡಿನಲ್ಲೇ ಉಳಿಯಿತು.

ಎರಡನೆಯದಾಗಿ, ಅಂಕಿಯ ಬದಲು ಮಾತನ್ನು ಅಳತೆಗೋಲು ಮಾಡಿಕೊಂಡೆ. ನಡೆಯುತ್ತ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಅದು ಮಧ್ಯಮ ವ್ಯಾಯಾಮ. ಒಂದೆರಡು ಪದಕ್ಕೇ ಉಸಿರು ಕಟ್ಟಿದರೆ ಅದು ಬಿರುಸಿನ ವ್ಯಾಯಾಮ. 220ರಿಂದ ವಯಸ್ಸನ್ನು ಕಳೆದರೆ ಬರುವುದೇ ಹೃದಯದ ಗರಿಷ್ಠ ವೇಗ ಎಂಬ ಸೂತ್ರವನ್ನು ಅನೇಕರು ಕೇಳಿರಬಹುದು. ಅದು ಸ್ಥೂಲವಾದ ಅಂದಾಜು ಮಾತ್ರ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತಿಪ್ಪತ್ತು ಬಡಿತಗಳ ಅಂತರ ಇರುವುದು ಸಹಜ. ಅದು ದಾಟಬಾರದ ಗೆರೆಯೇನೂ ಅಲ್ಲ.

ಮೂರನೆಯದಾಗಿ, ಎದೆ ಹೊಡೆದುಕೊಂಡಾಗ ಥಟ್ಟನೆ ನಿಲ್ಲುವುದರ ಬದಲು ವೇಗ ತಗ್ಗಿಸಿ ನಡೆದೆ. "ಹೃದಯ ತನ್ನ ಕೆಲಸ ಮಾಡುತ್ತಿದೆ, ಮಾಡಲಿ" ಎಂದುಕೊಂಡೆ. ಮೊದಲ ವಾರ ಬೇಟರಾಯಸ್ವಾಮಿ ದೇವಸ್ಥಾನದವರೆಗೆ, ಮರುವಾರ ಇನ್ನು ಸ್ವಲ್ಪ ದೂರ. ಭಯ ಬರುತ್ತಿತ್ತು, ಸ್ವಲ್ಪ ಹೊತ್ತು ಇದ್ದು ತಾನಾಗಿ ಹೋಗುತ್ತಿತ್ತು. ಓಡಿಸಲು ಹೋಗದೆ ಬಿಟ್ಟರೆ ಅದು ಬಂದ ದಾರಿಗೆ ಸುಂಕವಿಲ್ಲದೆ ಮರಳುತ್ತದೆಂದು ದಿನ ಕಳೆದಂತೆ ತಿಳಿಯಿತು. ಐದಾರು ತಿಂಗಳ ಮೇಲೆ ಮಕ್ಕಳೊಡನೆ ರಾಯಕೋಟೆಯ ಬೆಟ್ಟದ ಕೋಟೆಗೆ ಪ್ರವಾಸ ಹೋದೆವು. 1791ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ವಶವಾದ ಕೋಟೆ ಅದು. ಅಲ್ಲಲ್ಲಿ ನಿಂತು, ನೀರು ಕುಡಿದು, ತುದಿಯವರೆಗೂ ಹತ್ತಿದೆ. ಎದೆ ಜೋರಾಗಿಯೇ ಬಡಿಯುತ್ತಿತ್ತು. ಹುಡುಗರ ಎದೆಯೂ ಹಾಗೆಯೇ ಬಡಿಯುತ್ತಿತ್ತು.

ಇದೆಲ್ಲ ನನ್ನೊಬ್ಬನ ಸಂಗತಿಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಮೇಲೊಂದು ಬಂದವು. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಕರ್ನಾಟಕ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜವಾದ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ತೀರಿಕೊಂಡವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಕಾರಣಗಳಿದ್ದವೆಂದೂ ತಿಳಿಸಿತು. ಆದರೆ ಸುದ್ದಿ ಓಡಿದಷ್ಟು ವೇಗವಾಗಿ ವರದಿ ಓಡುವುದಿಲ್ಲ.

ಆ ದಿನಗಳಲ್ಲೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿಗೆ ಬಂದು, "ಸಾರ್, ಖೋ-ಖೋ ತಂಡದಿಂದ ನನ್ನ ಹೆಸರು ತೆಗೆದುಬಿಡಿ" ಎಂದಳು.

"ಯಾಕಮ್ಮ, ಏನಾಯ್ತು?"

"ಓಡಿದರೆ ಎದೆ ಹೊಡ್ಕೊಳ್ಳುತ್ತೆ ಸಾರ್. ಓಡಬೇಡ ಅಂತ ಅಜ್ಜಿ ಹೇಳ್ತಾರೆ. ರಾತ್ರಿ ಮಲಗಿದಾಗ ಎದೆ ಮೇಲೆ ಕೈ ಇಟ್ಟು ನೋಡ್ಕೋತೀನಿ."

ಆ ಕೊನೆಯ ಮಾತು ನನ್ನ ಕರುಳನ್ನು ಹಿಂಡಿತು. ಹದಿನಾಲ್ಕರ ಹುಡುಗಿ ಕತ್ತಲೆಯಲ್ಲಿ ತನ್ನ ಎದೆ ನಿಂತಿದೆಯೋ ಇದೆಯೋ ಎಂದು ನೋಡಿಕೊಳ್ಳುವುದೆಂದರೇನು! ಮರುದಿನ ಅವಳ ತಾಯಿಯನ್ನು ಕರೆಸಿ, ಮೊದಲು ವೈದ್ಯರಿಗೆ ತೋರಿಸಿ ಎಂದೆ. ವೈದ್ಯರು ಪರೀಕ್ಷಿಸಿ, ಹೃದಯ ಚೆನ್ನಾಗಿದೆ, ರಕ್ತ ಸ್ವಲ್ಪ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ರಕ್ತ ಕಡಿಮೆಯಿದ್ದವರಿಗೆ, ಜ್ವರ ಬಂದವರಿಗೆ, ನೀರು ಸಾಲದೆ ಬಳಲಿದವರಿಗೆ ಎದೆ ಬೇಗ ಬಡಿಯುತ್ತದೆ. ಆದುದರಿಂದಲೇ ತೋರಿಸಿಕೊಳ್ಳುವುದು ಮೊದಲು, ಧೈರ್ಯ ಹೇಳುವುದು ಆಮೇಲೆ.

ಅನಂತರ ಒಂದು ದಿನ ಗಣಿತದ ಪೀರಿಯಡ್ಡನ್ನು ಮೈದಾನಕ್ಕೆ ಒಯ್ದೆ. ಮಕ್ಕಳೆಲ್ಲ ನೆರಳಿನಲ್ಲಿ ಕುಳಿತು 15 ಸೆಕೆಂಡು ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ ಬರೆದುಕೊಂಡರು. ಒಂದು ಸುತ್ತು ಓಡಿ ಬಂದೊಡನೆ ಮತ್ತೊಮ್ಮೆ ಬರೆದರು. ಐದು ನಿಮಿಷ ಬಿಟ್ಟು ಮೂರನೆಯ ಸಲ ಬರೆದರು. ಏರದ ನಾಡಿ ಒಂದೂ ಇರಲಿಲ್ಲ. ಇಳಿಯದ ನಾಡಿಯೂ ಒಂದಿರಲಿಲ್ಲ. ತರಗತಿಯ ಅತಿ ವೇಗದ ಓಟಗಾರನ ಅಂಕಿ ಆ ಹುಡುಗಿಯ ಅಂಕಿಗಿಂತ ಹೆಚ್ಚಾಗಿತ್ತು. ಅವಳು ಅವನ ಪುಸ್ತಕವನ್ನು ಎರಡೆರಡು ಸಲ ನೋಡಿದಳು. ನಾನು ಹೇಳಬೇಕಾದದ್ದೇನೂ ಉಳಿದಿರಲಿಲ್ಲ. ಕ್ರೀಡಾಕೂಟದಲ್ಲಿ ಅವಳು ಆಡಿದಳು. ತಂಡಕ್ಕೆ ಎರಡನೆಯ ಸ್ಥಾನ ಬಂತು.

ಹಾಗೆಂದು ಎದೆಯ ಎಲ್ಲ ದೂರುಗಳನ್ನೂ ಭಯವೆಂದು ತಳ್ಳಿಹಾಕಬಾರದು. ಓಡುವಾಗ ಪ್ರಜ್ಞೆ ತಪ್ಪಿ ಬಿದ್ದರೆ, ಎದೆಯ ಮೇಲೆ ಭಾರ ಹೇರಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಬಡಿತ ತಾಳ ತಪ್ಪಿ ತಲೆ ಸುತ್ತಿದರೆ, ವಿಶ್ರಾಂತಿಯಲ್ಲೂ ಬಡಿತ ಇಳಿಯದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ತುರ್ತಾದರೆ 108ಕ್ಕೆ ಕರೆ ಮಾಡಬೇಕು. ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ದೊಡ್ಡವರು ರಕ್ತದೊತ್ತಡ, ಸಕ್ಕರೆಗಳನ್ನು ಕಾಲಕಾಲಕ್ಕೆ ನೋಡಿಸಿಕೊಳ್ಳಬೇಕು. ಮನೆಬಾಗಿಲಿಗೇ ಬಂದು ಇವನ್ನು ಪರೀಕ್ಷಿಸುವ ತಮಿಳುನಾಡು ಸರ್ಕಾರದ ಯೋಜನೆ 2021ರ ಆಗಸ್ಟ್‌ನಲ್ಲಿ ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ಎಂಬುದನ್ನು ನೆನಪಿಡೋಣ.

ತಂದೆತಾಯಿಗಳಲ್ಲಿ ಒಂದು ವಿನಂತಿ. ಸಾವಿನ ಸುದ್ದಿ ಕೇಳಿ ಮಗುವನ್ನು ಆಟದಿಂದ ಬಿಡಿಸಬೇಡಿ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಡದೆ ಕೂತ ಹೃದಯ ಗಟ್ಟಿಯಾಗುವುದಿಲ್ಲ. ಮಕ್ಕಳೇ, ನಿಮಗೂ ಒಂದು ಮಾತು. ಎದೆಯ ಬಗ್ಗೆ ಹೆದರಿಕೆಯಾದರೆ ಕತ್ತಲೆಯಲ್ಲಿ ಒಬ್ಬರೇ ಎಣಿಸುತ್ತ ಮಲಗಬೇಡಿ. ಅಮ್ಮನಿಗೆ ಹೇಳಿ, ಅಪ್ಪನಿಗೆ ಹೇಳಿ, ನಮಗೆ ಹೇಳಿ.

ನನಗೀಗ 48 ದಾಟಿ 50 ಆಗಿದೆ. ಭಯ ಪೂರ್ತಿ ಹೋಯಿತೆಂದು ಹೇಳಲಾರೆ. ಹಳೆಯ ನೆಂಟನಂತೆ ಆಗಾಗ ಬಂದುಹೋಗುತ್ತದೆ. ಆದರೆ ನಡಿಗೆ ನಿಂತಿಲ್ಲ. ನಾಳೆ ಬೆಳಗ್ಗೆಯೂ ಹೋಗುತ್ತೇನೆ.