ಅತ್ತೆಯ ಪುಟ್ಟ ಲ್ಯಾಪ್‌ಟಾಪೂ, ಲಿನಕ್ಸಿನ ಹೊಸ ಹೊಸ ಅವತಾರಗಳೂ

ಲಿನಕ್ಸ್ ಅಂದಕೂಡಲೇ ಪುಟ ಮುಚ್ಚಿ ಓಡುವವರು ಸ್ವಲ್ಪ ನಿಲ್ಲಿ. ಇದರಲ್ಲಿ ಕಮಾಂಡುಗಳಿಗಿಂತ ಹಾಡಿನ ಸುದ್ದಿಯೇ ಜಾಸ್ತಿ ಇದೆ :)

ವಿಷಯ ಇಷ್ಟು. ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಬಳಿ ಹತ್ತಿಂಚಿನ ಪುಟ್ಟ ಲ್ಯಾಪ್‌ಟಾಪ್ ಒಂದಿದೆ. ನೆಟ್‌ಬುಕ್ ಅಂತ ಕರೀತಿದ್ದರಲ್ಲ, ಆ ಜಾತಿಯದು. 2009ರಲ್ಲಿ ನಾನು ಕೊಂಡದ್ದು, ಮಾರನೇ ವರ್ಷ ಅವಳ ಕೈ ಸೇರಿತು. ಮದುವೆ-ಮುಂಜಿಗಳಲ್ಲಿ ಹೆಂಗಸರು ಹೇಳುವ ಸಂಪ್ರದಾಯದ ಹಾಡುಗಳಿವೆಯಲ್ಲ, ಎಣ್ಣೆ ಹಚ್ಚುವಾಗಿನದು, ಹಸೆಗೆ ಕರೆಯುವುದು, ಆರತಿಯದು, ಬೀಗರನ್ನು ಕಾಡಿಸುವುದು... ಅವನ್ನೆಲ್ಲ ಅಜ್ಜಿಯ ನೋಟ್‌ಬುಕ್ಕುಗಳಿಂದ, ನೆಂಟರಿಷ್ಟರ ಬಾಯಿಂದ ಸಂಗ್ರಹಿಸಿ ಅದರಲ್ಲಿ ಟೈಪ್ ಮಾಡುತ್ತಾ ಬಂದಿದ್ದಾಳೆ. ಈಗ ಮುನ್ನೂರು ದಾಟಿದೆ. ಹೇಳಿಕೊಟ್ಟವರಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ.

ಹೊಸದು ಕೊಡಿಸ್ತೇನೆ ಅಂದರೆ ಅತ್ತೆ ಒಪ್ಪುವುದಿಲ್ಲ. ಇದು ತೊಡೆಯ ಮೇಲೆ ಹಗುರಕ್ಕೆ ಕೂರುತ್ತದೆ, ಜಗಲಿ ಮೂಲೆಯ ಅವಳ ಕುರ್ಚಿಗೆ ಸರಿಹೊಂದುತ್ತದೆ, ಕೀಲಿಗಳು ಬೆರಳಿಗೆ ಪಳಗಿವೆ. ಮೇಲಾಗಿ, ಒಂದು ಸಾಮಾನು ಕೆಲಸ ಮಾಡುತ್ತಿರುವಾಗ ಅದನ್ನು ಯಾಕೆ ಬಿಸಾಡಬೇಕು ಅನ್ನುವುದಕ್ಕೆ ನನ್ನ ಬಳಿಯೂ ಉತ್ತರವಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಹೋಗಿ ಅದಕ್ಕೆ ಲಿನಕ್ಸಿನ ಹೊಸ ಆವೃತ್ತಿ ಹಾಕಿ ಬರುವುದು ನನ್ನ ಪಾಲಿನ ಕೆಲಸ.

ಈ ನೆಟ್‌ಬುಕ್ಕುಗಳ ಕಾಲ ನೆನಪಿದೆಯಾ? 2007ರಲ್ಲಿ ಏಸಸ್‌ನ ಈ-ಪಿಸಿ 701 ಬಂದಾಗ ನಾವೆಲ್ಲ ಬಾಯಿಬಿಟ್ಟುಕೊಂಡು ನೋಡಿದ್ದೆವು. ಏಳಿಂಚಿನ ಪರದೆ, 512 ಎಂಬಿ ರ‍್ಯಾಮ್, ನಾಲ್ಕೇ ಜಿಬಿ ಜಾಗ, ತೂಕ ಒಂದು ಕಿಲೋಗೂ ಕಮ್ಮಿ. ಅದರಲ್ಲಿ ಬರುತ್ತಿದ್ದದ್ದು ಕ್ಸಾಂಡ್ರೋಸ್ ಎಂಬ ಲಿನಕ್ಸ್. ಅಂಗಡಿಯಲ್ಲಿ ಮಾರುವ ಲ್ಯಾಪ್‌ಟಾಪಿನೊಳಗೇ ಲಿನಕ್ಸ್! ಇನ್ನೇನು ಎಲ್ಲರ ಮನೆಯಲ್ಲೂ ಲಿನಕ್ಸೇ ಅಂತ ಆಗ ಅನ್ನಿಸಿತ್ತು. ಮರುವರ್ಷ ಮೈಕ್ರೋಸಾಫ್ಟ್ ಈ ಪುಟ್ಟ ಯಂತ್ರಗಳಿಗಾಗಿಯೇ ಎಕ್ಸ್‌ಪಿಯ ಆಯುಷ್ಯ ಹೆಚ್ಚಿಸಿತು, ಅಂಗಡಿಗಳಲ್ಲಿ ಲಿನಕ್ಸ್ ಹಿಂದೆ ಸರಿಯಿತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ನೆಟ್‌ಬುಕ್ಕುಗಳೇ ಹಿಂದೆ ಸರಿದವು. ಉಳಿದದ್ದು ಅತ್ತೆಯಂಥವರ ತೊಡೆಯ ಮೇಲೆ ಮಾತ್ರ.

ಅತ್ತೆಯದರಲ್ಲಿರುವುದು ಇಂಟೆಲ್ ಆಟಮ್ ಎನ್270. 2008ರ ಚಿಪ್ಪು, 1.6 ಗಿಗಾಹರ್ಟ್ಸ್, ಬರೀ 2.5 ವ್ಯಾಟಿನದು. ಅದು 32 ಬಿಟ್ಟಿನದು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಕಥೆಯ ಕೊನೆಗೆ ಬೇಕಾಗುತ್ತದೆ. ಒಂದು ಜಿಬಿ ರ‍್ಯಾಮ್ ಇದ್ದದ್ದನ್ನು ಎಸ್.ಪಿ. ರೋಡಿನಲ್ಲಿ ಹಳೇ ಡಿಡಿಆರ್2 ಹುಡುಕಿ ಎರಡು ಮಾಡಿದೆ, ಅದಕ್ಕಿಂತ ಹೆಚ್ಚು ಆ ಯಂತ್ರ ಒಪ್ಪುವುದಿಲ್ಲ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು 120 ಜಿಬಿಯ ಎಸ್‌ಎಸ್‌ಡಿ ಕೂರಿಸಿದೆ. ಎಸ್‌ಎಸ್‌ಡಿ ಹಾಕಿದ್ದರಿಂದ ಆದ ವ್ಯತ್ಯಾಸ ಬೇರೆ ಯಾವುದರಿಂದಲೂ ಆಗಲಿಲ್ಲ. ಜೊತೆಗೆ ಝಡ್‌ರ‍್ಯಾಮ್ ಅಂತ ಒಂದು ಸೌಲಭ್ಯ ಇದೆ. ಡಿಸ್ಕಿಗೆ ಇಳಿಸಬೇಕಾದ ಮಾಹಿತಿಯನ್ನು ರ‍್ಯಾಮಿನೊಳಗೇ ಹಿಂಡಿ ಇಟ್ಟುಕೊಳ್ಳುತ್ತದೆ. ಚಿಕ್ಕ ರ‍್ಯಾಮಿನವರು ಮರೆಯದೆ ಹಾಕಿಕೊಳ್ಳಿ.

ಮೊದಲು ಅದರಲ್ಲಿ ಹಾಕಿದ್ದು ಉಬುಂಟು 10.04. ಅದರ ಗ್ನೋಮ್ 2 ಅತ್ತೆಗೆ ಚೆನ್ನಾಗಿ ಹೊಂದಿಕೆಯಾಗಿತ್ತು. 2011ರಲ್ಲಿ ಗ್ನೋಮ್ 3 ಬಂತು, ಉಬುಂಟು ಯೂನಿಟಿಗೆ ಹೋಯಿತು, ಎರಡೂ ಆ ಚಿಪ್ಪಿಗೆ ಭಾರ. 2013ರಲ್ಲಿ ಡೆಬಿಯನ್ 7 ಹಾಕಿ, ಮೇಲೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಕೂರಿಸಿದೆ. ಅಲ್ಲಿಂದ 8, 9, 10, 11, 12. ಡೆಬಿಯನ್ನಿನಲ್ಲಿ ಮೆಟ್ಟಿಲು ಹಾರುವ ಹಾಗಿಲ್ಲ, ಒಂದೊಂದಾಗಿಯೇ ಹತ್ತಬೇಕು.

ಇನ್ನು ಅಲಂಕಾರ. ನನ್ನ ಸ್ವಂತ ಕಂಪ್ಯೂಟರಿನಲ್ಲಿ ಕಾಂಪಿಜ಼್‌ನ ತಿರುಗುವ ಘನ, ಜೆಲ್ಲಿಯಂತೆ ಅಲುಗುವ ಕಿಟಕಿ ಎಲ್ಲ ಆಡಿದವನು ನಾನು. ಅತ್ತೆಯ ಡೆಸ್ಕ್‌ಟಾಪಿನ ಲೆಕ್ಕ ಬೇರೆ. ಅಲ್ಲಿ ಚಿಂತೆ ಒಂದೇ, ಎತ್ತರ. ಪರದೆ 1024ಕ್ಕೆ 600. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಕಿಟಕಿಯ ತಲೆಪಟ್ಟಿ, ಅದರಡಿ ಮೆನು... ಇಷ್ಟಕ್ಕೇ ನೂರು ಪಿಕ್ಸೆಲ್ ಹೋದರೆ ಹಾಡಿಗೆ ಜಾಗ ಎಲ್ಲಿ? ಒಂದು ಹಾಡು ಪೂರ್ತಿ ಒಮ್ಮೆಗೇ ಕಾಣಬೇಕು, ಇಲ್ಲದಿದ್ದರೆ ಹೇಳುವಾಗ ಪಲ್ಲವಿಗೆ ಮತ್ತೆ ಮತ್ತೆ ಮೇಲೆ ಹೋಗಬೇಕಾಗುತ್ತದೆ.

ಎಕ್ಸ್‌ಎಫ್‌ಸಿಇ 4.10ರಲ್ಲಿ (2012) ಡೆಸ್ಕ್‌ಬಾರ್ ಅನ್ನುವ ಬಗೆಯ ಪಟ್ಟಿ ಬಂತು. ಪಟ್ಟಿ ಪರದೆಯ ಎಡಬದಿಗೆ ಉದ್ದಕ್ಕೆ ನಿಲ್ಲುತ್ತದೆ, ಅಕ್ಷರಗಳು ಮಾತ್ರ ಅಡ್ಡವಾಗಿಯೇ ಇರುತ್ತವೆ, ಕತ್ತು ಓರೆ ಮಾಡಿ ಓದಬೇಕಿಲ್ಲ. ಅಗಲ ಧಾರಾಳವಾಗಿರುವ, ಎತ್ತರಕ್ಕೆ ಬರಗಾಲವಿರುವ ಪರದೆಗೆ ಇದು ವರ. ಕಿಟಕಿಯನ್ನು ಪೂರ್ತಿ ದೊಡ್ಡದು ಮಾಡಿದಾಗ ತಲೆಪಟ್ಟಿ ಮಾಯವಾಗುವಂತೆ ಮಾಡುವ ಆಯ್ಕೆಯೂ ಇದೆ. ನೆರಳು, ಪಾರದರ್ಶಕತೆ ಕೊಡುವ ಕಾಂಪೊಸಿಟಿಂಗ್ ಆರಿಸಿದೆ. ಕೆಲವು ಸೆಟ್ಟಿಂಗ್ ಕಿಟಕಿಗಳು 600 ಪಿಕ್ಸೆಲ್ಲಿಗಿಂತ ಎತ್ತರ, 'ಸರಿ' ಅನ್ನುವ ಗುಂಡಿ ಪರದೆಯ ಕೆಳಗೆ ಪಾತಾಳದಲ್ಲಿ. ಆಲ್ಟ್ ಒತ್ತಿ ಹಿಡಿದು ಕಿಟಕಿಯನ್ನು ಎಲ್ಲಿ ಬೇಕಾದರೂ ಹಿಡಿದು ಮೇಲಕ್ಕೆಳೆಯಬಹುದು. ಇದೊಂದನ್ನು ಅತ್ತೆಗೆ ಕಲಿಸಿದ ಮೇಲೆ ವಾರಕ್ಕೊಂದು ಫೋನು ಕಮ್ಮಿಯಾಯಿತು.

ನಿಜವಾದ ಕೆಲಸ ಅಕ್ಷರದ್ದು. ಕನ್ನಡಕ್ಕೆ ಎತ್ತರ ಬೇಕು ಸ್ವಾಮಿ! ರಾಷ್ಟ್ರ, ಸ್ತ್ರೀ ಅಂತ ಒತ್ತಿನ ಮೇಲೊತ್ತು ಬಂದರೆ ಸಾಲು ಕೆಳಕ್ಕೆ ಬೆಳೆಯುತ್ತದೆ. ಇಂಗ್ಲಿಷಿಗೆ ಅಳತೆ ಮಾಡಿ ಹೊಲಿದ ಥೀಮುಗಳಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಸಾಲದ್ದಕ್ಕೆ ಈ ಪರದೆಯಲ್ಲಿ ಇಂಚಿಗೆ ಸುಮಾರು 118 ಪಿಕ್ಸೆಲ್, ಡೆಸ್ಕ್‌ಟಾಪ್ ಅಂದುಕೊಳ್ಳುವುದು 96. ಹಾಗಾಗಿ ಎಲ್ಲ ಅಕ್ಷರವೂ ಇರಬೇಕಾದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಅದನ್ನು 112ಕ್ಕೆ ಏರಿಸಿದೆ. ಆಮೇಲೆ ಒಂದೇ ಹಾಡನ್ನು ಲೋಹಿತ್, ನೋಟೋ, ನವಿಲು, ಗುಬ್ಬಿ ನಾಲ್ಕೂ ಫಾಂಟಿನಲ್ಲಿ ತೋರಿಸಿದೆ. ನವಿಲು ಕೈಬರಹದ ಥರ ಇರುವುದರಿಂದ ಅದನ್ನೇ ಆರಿಸುತ್ತಾಳೆ ಅಂದುಕೊಂಡಿದ್ದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಚೆಂದ ಇದ್ದು ತಮಾ, ಆದ್ರೆ ಓದಲೆ ಗುಬ್ಬಿನೇ ಅಡ್ಡಿಲ್ಲೆ" ಅಂದಳು. ಗುಬ್ಬಿಯೇ ಆಯಿತು. ಯಾವ ತಂತ್ರಾಂಶ ತೆರೆದರೂ ಕನ್ನಡಕ್ಕೆ ಅದೇ ಫಾಂಟ್ ಬರಬೇಕು ಅಂತ ಫಾಂಟ್‌ಕಾನ್ಫಿಗ್‌ನ ಕಡತದಲ್ಲಿ ನಾಲ್ಕು ಸಾಲು ಬರೆದಿಟ್ಟೆ.

ಇನ್ನೊಂದು ಸೂಕ್ಷ್ಮ ಇದೆ. ಅಜ್ಜಿ ತನ್ನ ನೋಟ್‌ಬುಕ್ಕಿನಲ್ಲಿ ಕೆಲವು ಕಡೆ 'ಸೂರ್ಯ' ಅಂತ ಅರ್ಕಾವತ್ತು ಹಾಕಿ ಬರೆದಿದ್ದಾಳೆ, ಕೆಲವು ಕಡೆ 'ಸೂರ‍್ಯ' ಅಂತ ಯ-ಒತ್ತು ಕೊಟ್ಟು ಬರೆದಿದ್ದಾಳೆ. ಅಜ್ಜಿ ಬರೆದಂತೆಯೇ ಇರಬೇಕು ಅನ್ನುವುದು ಅತ್ತೆಯ ಹಟ. ಯೂನಿಕೋಡಿನಲ್ಲಿ ಎರಡನೆಯದು ಬರಬೇಕಾದರೆ 'ರ' ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ, ಅದಾದ ಮೇಲೆ ವಿರಾಮ ಚಿಹ್ನೆ, ಆಮೇಲೆ 'ಯ' ಇರಬೇಕು. ಕಣ್ಣಿಗೆ ಕಾಣದ್ದು ಯಾವಾಗ ಕಳೆದುಹೋಯಿತು ಅಂತಲೂ ಕಾಣುವುದಿಲ್ಲ! ಹುಡುಕುವಾಗ ಒಂದು ರೂಪ ಕೊಟ್ಟರೆ ಇನ್ನೊಂದು ಸಿಗುವುದೂ ಇಲ್ಲ. ಅದಕ್ಕೇ 'ಪರೀಕ್ಷೆ' ಅಂತ ಒಂದು ಪುಟದ ಕಡತ ಮಾಡಿಟ್ಟಿದ್ದೇನೆ. ಸೂರ್ಯ, ಸೂರ‍್ಯ, ರಾಷ್ಟ್ರ, ಸ್ತ್ರೀ, ಹೀಗೆ ಕಾಡಿಸುವ ಪದಗಳೆಲ್ಲ ಅದರಲ್ಲಿವೆ. ಅಪ್‌ಗ್ರೇಡ್ ಆದ ಮೇಲೆ ಮೊದಲು ತೆರೆಯುವುದು ಅದನ್ನೇ. ಅದು ಸರಿ ಕಂಡರೆ ಮುಂದಿನ ಮಾತು.

ಅಪ್‌ಗ್ರೇಡ್ ಮಾಡುವ ಕ್ರಮವೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲು ಕ್ಲೋನ್‌ಜಿಲ್ಲಾದಿಂದ ಇಡೀ ಡಿಸ್ಕಿನ ಪಡಿಯಚ್ಚು ಹೊರಗಿನ ಡಿಸ್ಕಿಗೆ. ಆಮೇಲೆ ಹೊಸ ಆವೃತ್ತಿಯನ್ನು ಪೆನ್‌ಡ್ರೈವಿನಿಂದ ಲೈವ್ ಓಡಿಸಿ ವೈಫೈ, ಶಬ್ದ, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ ಎಲ್ಲ ನೋಡುವುದು. ಆಮೇಲೇ ಸೋರ್ಸಸ್ ಪಟ್ಟಿಯಲ್ಲಿ ಹಳೇ ಹೆಸರು ತೆಗೆದು ಹೊಸ ಹೆಸರು. ಡೆಬಿಯನ್ 12ಕ್ಕೆ ಹೋಗುವಾಗ ಫರ್ಮ್‌ವೇರಿಗೆ ಪ್ರತ್ಯೇಕ ವಿಭಾಗ ಮಾಡಿದ್ದಾರೆ, ಅದನ್ನೂ ಸೇರಿಸಬೇಕು. ಮೊದಲು ಬರೀ ಅಪ್‌ಗ್ರೇಡ್, ನಂತರ ಫುಲ್-ಅಪ್‌ಗ್ರೇಡ್. ನಡುವೆ ನಿಮ್ಮ ಸೆಟ್ಟಿಂಗ್ ಕಡತ ಇಟ್ಟುಕೊಳ್ಳಲೋ ಹೊಸದು ಹಾಕಲೋ ಅಂತ ಕೇಳಿದರೆ ಇಟ್ಟುಕೋ ಅನ್ನಿ. ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ಮಲೆನಾಡಿನ ಕರೆಂಟು ಯಾರ ಮಾತನ್ನೂ ಕೇಳುವುದಿಲ್ಲ.

ಎಲ್ಲ ಮುಗಿದು ಬೆಳಿಗ್ಗೆ ಅತ್ತೆ ಲ್ಯಾಪ್‌ಟಾಪ್ ತೆರೆದಾಗ ಏನೂ ಬದಲಾದಂತೆ ಕಾಣಬಾರದು. ಅದೇ ಹಸಿರು ಹಿನ್ನೆಲೆ, ಎಡಗಡೆ ಮೇಲ್ತುದಿಯಲ್ಲಿ 'ಹಾಡು' ಅನ್ನುವ ಚಿತ್ರ, ಅದರ ಕೆಳಗೆ ಇಸ್ಪೀಟಿನ ಆಟ. 11ಕ್ಕೆ ಹೋದಾಗ ಎಕ್ಸ್‌ಎಫ್‌ಸಿಇಯ ಒಳಗಿನ ಜಿಟಿಕೆ ಎರಡರಿಂದ ಮೂರಕ್ಕೆ ಬದಲಾಗಿ ಹಳೇ ಥೀಮುಗಳೆಲ್ಲ ಕೆಟ್ಟು ಕೂತಿದ್ದವು. ಇಡೀ ಒಂದು ದಿನ ಕೂತು ಹೊಸದನ್ನು ಹಳೆಯದರಂತೆ ಕಾಣಿಸಿದೆ. ಅತ್ತೆ ನೋಡಿ, "ಎಂತ ಮಾಡಿದೆ ಇಷ್ಟೊತ್ತು? ಎಲ್ಲಾ ಮೊದ್ಲಿನ ಹಾಂಗೇ ಇದ್ದು" ಅಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಆಫೀಸಿನಲ್ಲೂ ಸಿಕ್ಕಿಲ್ಲ.

ಈಗ ಆ 32 ಬಿಟ್ಟಿನ ಕಥೆ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತ್ತು. ಉಬುಂಟು ಡೆಸ್ಕ್‌ಟಾಪ್ 2017ರ ಹೊತ್ತಿಗೆ ಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇಂಥ ಯಂತ್ರಗಳಿಗೆ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಅದೇ ವರ್ಷ ಅಕ್ಟೋಬರಿನ ಫೈರ್‌ಫಾಕ್ಸ್ 144ರ ನಂತರ ಅವರ ಸಾಮಾನ್ಯ ಆವೃತ್ತಿಗಳೂ 32 ಬಿಟ್ ಲಿನಕ್ಸಿಗೆ ನಿಂತವು. ಯಾರನ್ನೂ ಬೈಯುವಂತಿಲ್ಲ. ಹದಿನೇಳು ವರ್ಷದ ಹಳೇ ಚಿಪ್ಪಿಗೆ ಅಲ್ಲಿಯವರೆಗೂ ಪುಕ್ಕಟೆಯಾಗಿ ತಂತ್ರಾಂಶ ಕಟ್ಟಿಕೊಟ್ಟವರು ಸ್ವಯಂಸೇವಕರು. ಆದರೂ ಹತ್ತಲು ಇನ್ನು ಮೆಟ್ಟಿಲಿಲ್ಲ ಅಂದಾಗ ಒಂಥರಾ ಆಯಿತು.

ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ ಅಂತ ಹೇಳಿದ್ದಾರೆ. ಆಮೇಲೆ ವೈಫೈ ಆರಿಸಿ, ಬರೀ ಬರೆಯುವ ಯಂತ್ರವಾಗಿ ಉಳಿಸಿಕೊಳ್ಳುವುದು ಅಂತ ನಾವಿಬ್ಬರೂ ಕೂತು ತೀರ್ಮಾನಿಸಿದ್ದೇವೆ. ಇಂಟರ್ನೆಟ್ಟಿಗೆ ಹೇಗೂ ಅವಳ ಹತ್ತಿರ ಮೊಬೈಲ್ ಇದೆ.

ಹಾಡುಗಳ ಬಗ್ಗೆ ನನಗೆ ಹೆದರಿಕೆಯಿಲ್ಲ. 2004ರಲ್ಲಿ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದ ನಲವತ್ತು ಹಾಡು, ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿದ್ದವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳ ರಾಶಿ. ಅವನ್ನು ಯೂನಿಕೋಡಿಗೆ ತಂದು ಸಾಲು ಸಾಲಾಗಿ ತಿದ್ದುವುದಕ್ಕೆ ಅತ್ತೆಗೆ ಒಂದು ಮಳೆಗಾಲ ಹಿಡಿದಿತ್ತು. ಅಂದಿನಿಂದ ಎಲ್ಲವೂ ಯೂನಿಕೋಡಿನ ಬರೀ ಪಠ್ಯದ ಕಡತಗಳು. ಹಾಡಿಗೊಂದು ಕಡತ, ಕಡತದ ಹೆಸರೇ ಹಾಡಿನ ಮೊದಲ ಸಾಲು, ಕೊನೆಗೆ ಹೇಳಿಕೊಟ್ಟವರ ಹೆಸರು. ಮುನ್ನೂರೂ ಸೇರಿ ಒಂದು ಫೋಟೋದಷ್ಟು ಜಾಗವೂ ಬೇಡ. ಒಂದು ಪ್ರತಿ ನನ್ನ ಬಳಿ, ಒಂದು ಅತ್ತೆಯ ಮಗಳ ಬಳಿ, ಒಂದು ಪೆನ್‌ಡ್ರೈವಿನಲ್ಲಿ ಅಜ್ಜಿಯ ನೋಟ್‌ಬುಕ್ಕಿನ ಜೊತೆ ಪೆಟ್ಟಿಗೆಯಲ್ಲಿ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಪುಟ್ಟ ಯಂತ್ರವೊಂದು ಧೂಳು ತಿನ್ನುತ್ತಿದ್ದರೆ ಇಳಿಸಿ ನೋಡಿ. ಬ್ಯಾಟರಿ ಉಬ್ಬಿದ್ದರೆ ಮೊದಲು ಅದನ್ನು ತೆಗೆದಿಡಿ. ಆಮೇಲೆ ಒಳಗೆ ಹಳೇ ಫಾಂಟಿನ ಬರಹಗಳೇನಾದರೂ ಉಳಿದಿದ್ದರೆ ಯೂನಿಕೋಡಿಗೆ ತಂದುಕೊಳ್ಳಿ. ಥೀಮು, ಬಣ್ಣ ಎಲ್ಲ ಆಮೇಲೆ ನಿಧಾನಕ್ಕೆ ಮಾಡಿದರಾಯಿತು.