ಮಾದಾವರದ ಯಂತ್ರಜಾತ್ರೆಗೆ ಹೋಗತಕ್ಕವರಿಗೆ

ಜಾತ್ರೆಯೆಂಬುದು ನಮ್ಮವರಿಗೆ ಹೊಸ ಸಂಗತಿಯಲ್ಲ. ಪುಷ್ಯಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೂ, ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯ ಜಾತ್ರೆಗೂ ರೈತರು ತಲೆತಲಾಂತರದಿಂದ ಹೋಗಿಬರುತ್ತಿದ್ದಾರೆ. ಅಲ್ಲಿ ಎತ್ತು ಕೊಳ್ಳುವವನು ಕೊಂಬಿನ ಬಣ್ಣಕ್ಕಾಗಲಿ ಕೊರಳ ಗೆಜ್ಜೆಗಾಗಲಿ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ, ಮನೆಯಲ್ಲಿರುವ ಒಂಟಿ ಎತ್ತಿಗೆ ಇದು ಜೊತೆಯಾದೀತೇ ಎಂದು ಯೋಚಿಸಿ, ಆಮೇಲೆ ಬೆಲೆಯ ಮಾತೆತ್ತುತ್ತಾನೆ. ಸಿದ್ಧಗಂಗೆಗೆ ಹೋಗುವ ಅದೇ ತುಮಕೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಹತ್ತನೆಯ ಮೈಲಿಯ ಮಾದಾವರದಲ್ಲಿ, ಈಗ ಬೇರೊಂದು ಬಗೆಯ ಜಾತ್ರೆ ನೆರೆಯುತ್ತದೆ. ಅಲ್ಲಿ ಕಟ್ಟಿರುವುದು ಎತ್ತುಗಳನ್ನಲ್ಲ, ಯಂತ್ರಗಳನ್ನು. ಎತ್ತಿನ ವ್ಯಾಪಾರದಲ್ಲಿ ಮೋಸಹೋದವನಿಗೆ ಒಂದು ವರ್ಷದ ಉಳುಮೆ ಕೆಟ್ಟೀತು. ಯಂತ್ರದ ವ್ಯಾಪಾರದಲ್ಲಿ ಲೆಕ್ಕ ತಪ್ಪಿದವನಿಗೆ ಇರುವ ಮನೆಯೇ ಕೈಬಿಟ್ಟೀತು. ಸಣ್ಣ ಕಾರ್ಖಾನೆಯನ್ನು ನಡೆಯಿಸುವ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ, ಈ ಜಾತ್ರೆಗೆ ಹೋಗಿಬರುವ ಕ್ರಮವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಮೊದಲು ಸ್ಥಳದ ವಿಚಾರ. ಬೆಂಗಳೂರಿನ ವಾಯವ್ಯ ಭಾಗಕ್ಕೆ ಯಂತ್ರವಿದ್ಯೆಯು ಬಂದುದು ೧೯೫೩ರಲ್ಲಿ, ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆಯು ಸ್ಥಾಪಿತವಾದಾಗ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯವರ ಸಹಾಯದಿಂದ ಅಲ್ಲಿ ಲೇತ್‌ಗಳು ತಯಾರಾಗತೊಡಗಿದುವು. ೧೯೬೨ರಲ್ಲಿ ತುಮಕೂರು ರಸ್ತೆಯಲ್ಲೇ ಕೇಂದ್ರ ಸರ್ಕಾರದ ಯಂತ್ರೋಪಕರಣ ಸಂಶೋಧನಾ ಸಂಸ್ಥೆಯೂ ಹುಟ್ಟಿತು. ಇಂಥ ಕಡೆಗಳಲ್ಲಿ ಕೈ ಪಳಗಿಸಿಕೊಂಡ ಅನೇಕರು ಮುಂದೆ ಪೀಣ್ಯದಲ್ಲಿ ಒಂದೊಂದು ಶೆಡ್ಡು ಹಿಡಿದು, ಒಂದೆರಡು ಲೇತ್ ಇಟ್ಟುಕೊಂಡು, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಜಾಬ್ ವರ್ಕಿಗೆ ಇಳಿದರು. ಪೀಣ್ಯದ ನೆರೆಯಲ್ಲೇ ಮಾದಾವರದಲ್ಲಿ, ೧೯೪೬ರಲ್ಲಿ ಹುಟ್ಟಿದ ಭಾರತೀಯ ಯಂತ್ರೋಪಕರಣ ತಯಾರಕರ ಸಂಘದವರು ೨೦೦೭ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನು ಕಟ್ಟಿದರು. ಜನರು ಅದನ್ನು ಬಿ.ಐ.ಇ.ಸಿ. ಎಂದು ಕರೆಯುತ್ತಾರೆ. ೧೯೬೯ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಇಮ್ಟೆಕ್ಸ್’ ಎಂಬ ಯಂತ್ರಪ್ರದರ್ಶನವು ಅಂದಿನಿಂದ ಇಲ್ಲಿ ನೆಲೆಯೂರಿದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಇಮ್ಟೆಕ್ಸ್ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುವುದಾದರೂ ಪ್ರತಿವರ್ಷವೂ ಒಂದೇ ಬಗೆಯ ಯಂತ್ರಗಳು ಬರುವುದಿಲ್ಲ. ಒಂದು ವರ್ಷ ಲೋಹವನ್ನು ಕತ್ತರಿಸುವ, ಕೊರೆಯುವ, ತಿರುಪುವ ಯಂತ್ರಗಳು ಮುಖ್ಯ; ಮತ್ತೊಂದು ವರ್ಷ ತಗಡನ್ನು ಬಾಗಿಸುವ, ಅಚ್ಚೊತ್ತುವ, ಬೆಸೆಯುವ ಯಂತ್ರಗಳು ಮುಖ್ಯ. ೨೦೨೫ರದು ಮೊದಲನೆಯ ಬಗೆ, ೨೦೨೬ರದು ಎರಡನೆಯ ಬಗೆ. ಲೇತ್ ಕೊಳ್ಳಬೇಕೆಂದು ಬೆಳಗಾವಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದವರು ಪ್ರೆಸ್‌ಗಳ ನಡುವೆ ತಿರುಗಾಡಿ ಹಿಂದಿರುಗುವಂತಾಗಬಾರದು. ಟಿಕೆಟು ಕೊಳ್ಳುವ ಮುನ್ನವೇ ಈ ವರ್ಷದ ಸರದಿ ಯಾವುದೆಂದು ವಿಚಾರಿಸಿಕೊಳ್ಳತಕ್ಕದ್ದು. ಮತ್ತೊಂದು ಗೊಂದಲವೂ ಉಂಟು. ವೈಟ್‌ಫೀಲ್ಡಿನಲ್ಲಿ ಕೆ.ಟಿ.ಪಿ.ಓ. ಎಂಬ ಬೇರೊಂದು ಪ್ರದರ್ಶನಕೇಂದ್ರವಿದೆ. ಎರಡೂ ‘ಬೆಂಗಳೂರಿನ ಹೊರಗೆ’ ಇರತಕ್ಕವೇ. ಆದರೆ ಒಂದು ಊರಿನ ಮೂಡಲಂಚಿನಲ್ಲಿ, ಇನ್ನೊಂದು ಪಡುವಲಂಚಿನಲ್ಲಿ. ಆಹ್ವಾನಪತ್ರಿಕೆಯಲ್ಲಿ ಸ್ಥಳದ ಹೆಸರನ್ನು ಎರಡು ಬಾರಿ ಓದಿಕೊಂಡರೆ ಒಂದು ದಿನ ಉಳಿಯುತ್ತದೆ.

ದಾರಿಯು ಈಗ ಸುಲಭವಾಗಿದೆ. ೨೦೨೪ರ ನವೆಂಬರ್ ತಿಂಗಳಿನಿಂದ ಮೆಟ್ರೋ ರೈಲಿನ ಹಸಿರು ಮಾರ್ಗವು ನಾಗಸಂದ್ರದಿಂದ ಮುಂದುವರಿದು ಮಾದಾವರದವರೆಗೆ ಓಡುತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಹತ್ತಿದವರು ಮುಕ್ಕಾಲು ಗಂಟೆಯೊಳಗೆ ಪ್ರದರ್ಶನದ ಬಳಿಯೇ ಇಳಿಯಬಹುದು. ವೈಟ್‌ಫೀಲ್ಡಿನ ಕಡೆಯವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ ೨೦೨೫ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದಿರುವುದರಿಂದ, ಆರ್.ವಿ. ರಸ್ತೆಯ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಸಾಕು. ಸ್ವಂತ ಕಾರಿನವರಿಗೆ ಹೊಸೂರು ರಸ್ತೆಯಿಂದ ತುಮಕೂರು ರಸ್ತೆಗೆ ನೈಸ್ ರಸ್ತೆಯಿದೆ; ಸುಮಾರು ೪೦ ಕಿಲೋಮೀಟರು; ಸುಂಕ ಕೊಡಬೇಕು. ಪ್ರದರ್ಶನದ ದಿನಗಳಲ್ಲಿ ತುಮಕೂರು ರಸ್ತೆಯ ವಾಹನಸಂದಣಿಯನ್ನು ಒಮ್ಮೆ ಕಂಡವರು ಕಾರಿನ ಗೋಜಿಗೆ ಹೋಗಲಾರರು.

ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದ ಕಡೆಗಳಿಂದ ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್ಕಿನವರೆಗೆ ಹೋಗಿ ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುವ ಕಾರಣವಿಲ್ಲ. ಅವರ ಬಸ್ಸು ತುಮಕೂರು ರಸ್ತೆಯಲ್ಲೇ ಬರುತ್ತದೆ. ನೆಲಮಂಗಲದಲ್ಲೋ ಎಂಟನೆಯ ಮೈಲಿಯಲ್ಲೋ ಇಳಿದುಕೊಳ್ಳಬಹುದು. ರೈಲಿನವರು ಯಶವಂತಪುರದಲ್ಲಿ ಇಳಿಯುವುದು ಲೇಸು. ಅಲ್ಲಿಯೇ ಹಸಿರು ಮಾರ್ಗದ ಮೆಟ್ರೋ ನಿಲ್ದಾಣವಿದೆ. ಹಗಲು ಹೊತ್ತಿನಲ್ಲಿ ಬರುವವರಿಗೆ ಕ್ಯಾತಸಂದ್ರದ ತಟ್ಟೆ ಇಡ್ಲಿ ದಾರಿಯಲ್ಲೇ ಸಿಕ್ಕುವುದನ್ನು ನಾನು ಹೇಳಬೇಕಾದುದಿಲ್ಲ.

ವಸತಿಯನ್ನು ಯಶವಂತಪುರ, ಪೀಣ್ಯ, ದಾಸರಹಳ್ಳಿ, ಇಲ್ಲವೆ ಗಾಂಧಿನಗರದಲ್ಲಿ ಹಿಡಿಯಬೇಕು. ಆ ವಾರದಲ್ಲಿ ಕೋಣೆಗಳ ಬಾಡಿಗೆ ಏರುವುದರಿಂದ ತಿಂಗಳ ಮುಂಚೆಯೇ ಗೊತ್ತುಮಾಡಿಕೊಳ್ಳುವುದು ಮೇಲು. ಹೆಸರನ್ನೂ ಮುಂಚಿತವಾಗಿಯೇ ನೋಂದಾಯಿಸಿಕೊಂಡರೆ ಬಾಗಿಲ ಬಳಿ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಜನವರಿಯ ಬೆಳಗಿನಲ್ಲಿ ಚಳಿಯುಂಟು, ಮಧ್ಯಾಹ್ನದಲ್ಲಿ ಬಿಸಿಲುಂಟು. ಹೊಸ ಬೂಟು ಕೂಡದು; ಒಂದು ಹಾಲಿನಿಂದ ಇನ್ನೊಂದಕ್ಕೆ ನಡೆದು ನಡೆದು ಕಾಲು ಬೊಕ್ಕೆಯೆದ್ದವನಿಗೆ ಯಾವ ಯಂತ್ರವೂ ಚೆನ್ನಾಗಿ ಕಾಣದು. ಊಟದ ಅಂಗಡಿಗಳಲ್ಲಿ ಒಂದು ಗಂಟೆಯ ಹೊತ್ತಿಗೆ ನೂಕುನುಗ್ಗಲು. ಹನ್ನೆರಡಕ್ಕೇ ಉಂಡು ಮುಗಿಸಿದವನು ಜಾಣ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರದರ್ಶನಕ್ಕೆ ಹೊರಡುವವನು ಕೈಬೀಸಿಕೊಂಡು ಹೋಗಕೂಡದು. ತಾನು ದಿನವೂ ಮಾಡುವ ಬಿಡಿಭಾಗಗಳಲ್ಲಿ ಎರಡು ಮೂರನ್ನು, ಅವುಗಳ ಡ್ರಾಯಿಂಗ್ ಸಮೇತ, ಚೀಲದಲ್ಲಿಟ್ಟುಕೊಂಡು ಹೋಗಬೇಕು. (ಕತ್ತರಿಸುವ ಟೂಲುಗಳನ್ನು ಮಾತ್ರ ಮನೆಯಲ್ಲಿಯೇ ಬಿಡಿ, ಮೆಟ್ರೋ ತಪಾಸಣೆಯಲ್ಲಿ ತಕರಾರಾದೀತು.) ಮಳಿಗೆಯವರು ತಮ್ಮ ಯಂತ್ರದಲ್ಲಿ ತಾವೇ ಆರಿಸಿಟ್ಟ ನಮೂನೆಯನ್ನು ಓಡಿಸಿ ತೋರಿಸುತ್ತಾರೆ. ಅದು ಗೆಜ್ಜೆ ಕಟ್ಟಿದ ಎತ್ತು. ‘ನನ್ನ ಈ ಭಾಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಯಾವ ಟೂಲು ಬೇಕು? ಒಂದು ಟೂಲು ಎಷ್ಟು ನಗಕ್ಕೆ ತಡೆಯುತ್ತದೆ?’ ಎಂದು ಕೇಳಿ, ಉತ್ತರವನ್ನು ಬರೆಯಿಸಿಕೊಳ್ಳಬೇಕು. ಇದರೊಡನೆ ತನ್ನ ಶೆಡ್ಡಿನ ಅಳತೆಯೂ ಜೇಬಿನಲ್ಲಿರಬೇಕು: ಬಾಗಿಲಿನ ಅಗಲ ಎತ್ತರ, ನೆಲದ ಗಟ್ಟಿತನ, ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ ಮಂಜೂರು ಮಾಡಿರುವ ವಿದ್ಯುತ್ತಿನ ಪ್ರಮಾಣ. ಬಾಗಿಲಲ್ಲಿ ಹಿಡಿಸದ ಯಂತ್ರಕ್ಕಾಗಿ ಗೋಡೆ ಒಡೆಯುವುದೂ, ಹೆಚ್ಚಿನ ವಿದ್ಯುತ್ತು ಬರುವವರೆಗೆ ಯಂತ್ರದ ಮೇಲೆ ಟಾರ್ಪಾಲು ಹೊದಿಸಿ ಬಡ್ಡಿ ಕಟ್ಟುವುದೂ ಪೀಣ್ಯದಲ್ಲಿ ಅಪರೂಪವಲ್ಲ.

ನನಗೆ ಪರಿಚಿತರಾದ ದಂಪತಿಗಳೊಬ್ಬರಿದ್ದಾರೆ. ಯಜಮಾನರು ಎರಡು ಲೇತ್‌ಗಳ ಶೆಡ್ಡು ನಡೆಯಿಸುತ್ತಾರೆ; ಲೆಕ್ಕಪತ್ರ ಆಕೆಯದು. ಒಂದು ವರ್ಷ ಇಬ್ಬರೂ ಪ್ರದರ್ಶನಕ್ಕೆ ಹೋದರು. ಒಂದು ದೊಡ್ಡ ಮಳಿಗೆಯಲ್ಲಿ ಸಿ.ಎನ್.ಸಿ. ಯಂತ್ರವೊಂದು ಇವರು ಕೊಟ್ಟ ಪಂಪಿನ ಬುಷ್ಷನ್ನು ೪೦ ಸೆಕೆಂಡಿನಲ್ಲಿ ಮಾಡುವುದೆಂದು ಲೆಕ್ಕಹಾಕಿ ತೋರಿಸಿದರು. ಯಜಮಾನರ ಮುಖ ಅರಳಿತು. ಆಕೆಯು ಕೈಚೀಲದಿಂದ ಸಣ್ಣ ಪುಸ್ತಕ ತೆಗೆದು ಏನೋ ಗೀಚಿಕೊಂಡು, ‘ರೀ, ಗಂಟೆಗೆ ತೊಂಬತ್ತು ಆಯ್ತು. ಎಂಟು ಗಂಟೆಗೆ ಏಳುನೂರ ಇಪ್ಪತ್ತು. ನಮಗೆ ತಿಂಗಳಿಗೆ ಬರೋ ಆರ್ಡರ್ರು ಮೂರು ಸಾವಿರ. ನಾಲ್ಕು ದಿನ ಇದು ದುಡಿಯುತ್ತೆ. ಮಿಕ್ಕ ದಿನವೆಲ್ಲ ಇದರ ಬಡ್ಡಿಗೆ ನಾವು ದುಡೀಬೇಕಾ?’ ಎಂದರು.

ಮಳಿಗೆಯ ಹುಡುಗನು, ‘ಇನ್ನೂ ಬೇರೆ ಆರ್ಡರ್ ತಗೋಬಹುದಲ್ಲ ಮೇಡಂ’ ಎಂದನು.

‘ಅದನ್ನೂ ನೀವೇ ಕೊಡ್ತೀರೇನಪ್ಪ?’

ಹುಡುಗನು ನಕ್ಕುಬಿಟ್ಟನು. ಅವರು ಆ ವರ್ಷ ಮುಂಗಡ ಕೊಡದೆ ಬಂದರು. ಯಜಮಾನರು ಒಂದು ವಾರ ಮುಖ ಕೊಟ್ಟು ಮಾತನಾಡಲಿಲ್ಲವೆಂದು ಆಕೆಯೇ ಹೇಳಿದರು. ಆಮೇಲೆ ಇನ್ನೊಂದು ಕಾರ್ಖಾನೆಯಿಂದ ಬರಹದಲ್ಲಿ ಆರ್ಡರು ಸಿಕ್ಕಿದ ಮೇಲೆಯೇ, ಇದಕ್ಕಿಂತ ಚಿಕ್ಕದೊಂದು ಯಂತ್ರವನ್ನು ಕೊಂಡರು. ಪ್ರದರ್ಶನಕ್ಕೆ ಹೋಗುವ ಗೃಹಸ್ಥರು, ಲೆಕ್ಕ ನೋಡುವ ಮನೆಯವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಬೆಲೆಯ ವಿಚಾರದಲ್ಲಿ ಎಚ್ಚರವಿರಲಿ. ಮಳಿಗೆಯಲ್ಲಿ ಬಾಯಿಮಾತಿನಲ್ಲಿ ಹೇಳುವ ಬೆಲೆ ಸಾಮಾನ್ಯವಾಗಿ ಬರಿಯ ಯಂತ್ರದ್ದು. ನೂರಕ್ಕೆ ೧೮ರಂತೆ ಜಿ.ಎಸ್.ಟಿ., ಸಾಗಣೆ, ಕ್ರೇನಿನ ಬಾಡಿಗೆ, ಟೂಲುಗಳು, ಕಂಪ್ರೆಸರು, ಸ್ಟೆಬಿಲೈಸರು, ಕೆಲಸಗಾರನ ತರಬೇತಿ ಇವೆಲ್ಲ ಬೇರೆ. ತೆರಿಗೆಯು ಮುಂದೆ ಲೆಕ್ಕದಲ್ಲಿ ಹಿಂದಿರುಗಬಹುದಾದರೂ ಮೊದಲು ಕೈಯಿಂದ ಕೊಡಲೇಬೇಕು. ‘ಪ್ರದರ್ಶನ ಮುಗಿಯುವುದರೊಳಗೆ ಬುಕ್ ಮಾಡಿದರೆ ಮಾತ್ರ ಈ ರಿಯಾಯಿತಿ’ ಎಂಬ ಮಾತಿಗೆ ಬೆದರಿ ಮುಂಗಡ ಕೊಡಬೇಡಿ. ಕೊಟೇಶನ್ ಕೈಗೆ ತೆಗೆದುಕೊಂಡು ಮನೆಗೆ ಬನ್ನಿ. ಅದೇ ಯಂತ್ರವನ್ನು ಕೊಂಡಿರುವ ಇಬ್ಬರ ವಿಳಾಸವನ್ನು ಮಳಿಗೆಯವರಿಂದಲೇ ಕೇಳಿ ಪಡೆದು, ಅವರ ಶೆಡ್ಡಿಗೆ ಹೋಗಿ, ಯಂತ್ರ ಕೆಟ್ಟಾಗ ಮೆಕ್ಯಾನಿಕ್ಕು ಎಷ್ಟು ದಿನಕ್ಕೆ ಬಂದನೆಂದು ವಿಚಾರಿಸಿ. ವಿಳಾಸ ಕೊಡಲು ಹಿಂಜರಿಯುವವರನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ಸಾಲವೆಂದೊಡನೆ ನಮ್ಮವರು ಮನೆಯ ಕಾಗದಪತ್ರಗಳಿರುವ ಬೀರುವಿನ ಕಡೆಗೆ ನೋಡುತ್ತಾರೆ. ಅದೊಂದೇ ದಾರಿಯಲ್ಲ. ಕೇಂದ್ರ ಸರ್ಕಾರವೂ ಸಿಡ್ಬಿ ಬ್ಯಾಂಕೂ ಕೂಡಿ ೨೦೦೦ದಲ್ಲಿ ಸ್ಥಾಪಿಸಿದ ಖಾತರಿನಿಧಿಯೊಂದುಂಟು. ಸಣ್ಣ ಕೈಗಾರಿಕೆಗಳಿಗೆ ಅಡಮಾನವಿಲ್ಲದೆ ಬ್ಯಾಂಕುಗಳು ಕೊಡುವ ಸಾಲಕ್ಕೆ ಅದು ಹೊಣೆ ನಿಲ್ಲುತ್ತದೆ. ೨೦೨೫ರ ಏಪ್ರಿಲಿನಿಂದ ಇದರ ಮಿತಿಯನ್ನು ೧೦ ಕೋಟಿ ರೂಪಾಯಿಗೆ ಏರಿಸಿದ್ದಾರೆ. ವರ್ಷಕ್ಕಿಷ್ಟೆಂದು ಶುಲ್ಕ ಕೊಡಬೇಕು; ಸಾಲ ಕೊಡುವುದೂ ಬಿಡುವುದೂ ಬ್ಯಾಂಕಿನವರ ವಿವೇಚನೆಗೆ ಸೇರಿದ್ದು; ಖಾತರಿಯು ಇರುವುದು ಬ್ಯಾಂಕಿಗೇ ಹೊರತು ಸಾಲಗಾರನ ಹೊಣೆ ತೀರುವುದಿಲ್ಲ. ಆದರೂ ಮ್ಯಾನೇಜರು ಮನೆಯ ಪತ್ರ ಕೇಳಿದಾಗ ಈ ಯೋಜನೆಯ ಹೆಸರೆತ್ತಿ ವಿಚಾರಿಸದೆ ರುಜು ಹಾಕಬಾರದು.

ಇಲ್ಲಿ ನೋಡಿದ್ದು ಸಾಲದೆ ಚೀನಕ್ಕೇ ಹೋಗಿ ನೋಡಿಬರುತ್ತೇವೆನ್ನುವವರೂ ಪೀಣ್ಯದಲ್ಲಿದ್ದಾರೆ. ಹಿಂದಿನವರು ಕ್ಯಾಂಟನ್ ಎಂದು ಕರೆಯುತ್ತಿದ್ದ ಗ್ವಾಂಗ್‌ಝೌ ಪಟ್ಟಣದಲ್ಲಿ ೧೯೫೭ರಿಂದ ದೊಡ್ಡ ವ್ಯಾಪಾರಮೇಳ ನಡೆಯುತ್ತ ಬಂದಿದೆ. ವರ್ಷಕ್ಕೆ ಎರಡಾವರ್ತಿ, ಏಪ್ರಿಲ್ ೧೫ಕ್ಕೊಮ್ಮೆ, ಅಕ್ಟೋಬರ್ ೧೫ಕ್ಕೊಮ್ಮೆ ತೊಡಗಿ, ಮೂರು ಕಂತುಗಳಲ್ಲಿ ಸಾಗುತ್ತದೆ. ಯಂತ್ರಗಳೂ ಉಪಕರಣಗಳೂ ಮೊದಲನೆಯ ಕಂತಿನಲ್ಲಿ ಬರುತ್ತವೆ. ಮೂರನೆಯದಕ್ಕೆ ಹೋದವರಿಗೆ ಬಟ್ಟೆಬರೆ, ಆಟದ ಸಾಮಾನುಗಳ ದರ್ಶನವಾದೀತು. ೨೦೨೦ರಿಂದ ನಿಂತಿದ್ದ ನೇರ ವಿಮಾನಸಂಚಾರವು ೨೦೨೫ರ ಅಕ್ಟೋಬರಿನಲ್ಲಿ ಕಲ್ಕತ್ತೆಯಿಂದ ಗ್ವಾಂಗ್‌ಝೌಗೆ ಮತ್ತೆ ಆರಂಭವಾಗಿದೆ. ಮೇಳದವರ ಆಹ್ವಾನಪತ್ರವನ್ನು ಮೊದಲೇ ತರಿಸಿಕೊಂಡರೆ ವೀಸಾ ಕೆಲಸಕ್ಕೆ ಅನುಕೂಲ. ಅಲ್ಲಿ ವಾಟ್ಸಾಪ್ ನಡೆಯದು. ವಿಮಾನ ಇಳಿದ ಮೇಲೆ ಮನೆಯವರೊಡನೆ ಹೇಗೆ ಮಾತನಾಡುವುದೆಂದು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳದಿದ್ದರೆ, ಇಲ್ಲಿ ಮನೆಯಲ್ಲಿ ಎರಡು ರಾತ್ರಿ ಯಾರಿಗೂ ನಿದ್ದೆಯಿಲ್ಲ. ಅಂಗಡಿಗಳಲ್ಲಿ ಹಣ ಕೊಡುವುದು ಹೆಚ್ಚಾಗಿ ಅಲಿಪೇ, ವೀಚಾಟ್ ಎಂಬ ಮೊಬೈಲು ವ್ಯವಸ್ಥೆಗಳಿಂದ. ಅವುಗಳಿಗೆ ತಮ್ಮ ಬ್ಯಾಂಕ್ ಕಾರ್ಡನ್ನು ಇಲ್ಲಿಂದಲೇ ಜೋಡಿಸಿಕೊಂಡು ಹೋಗಬೇಕು. ಶಾಕಾಹಾರಿಗಳು ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ಮರೆಯಬಾರದು.

ಯಂತ್ರವನ್ನು ಅಲ್ಲಿಂದ ತರಿಸುವುದಾದರೆ ಕೇಳಬೇಕಾದ ಪ್ರಶ್ನೆಗಳು ಇನ್ನೂ ಹೆಚ್ಚು. ಅವರ ಕಾರ್ಖಾನೆಗಳ ಮೂರು ಫೇಸಿನ ವಿದ್ಯುತ್ತು ೩೮೦ ವೋಲ್ಟಿನದು, ನಮ್ಮದು ೪೧೫ರದು; ಯಂತ್ರವನ್ನು ಇದಕ್ಕೆ ಹೊಂದಿಸಿಯೇ ಕಳುಹಿಸುವರೇ ಎಂಬುದನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಯಂತ್ರದ ಪರದೆಯ ಮೇಲಿನ ಬರಹವೂ ಕೈಪಿಡಿಯೂ ಇಂಗ್ಲಿಷಿನಲ್ಲಿರಬೇಕು. ಆಮದಿನ ನಿಯಮಗಳು ಆಗಾಗ ಬದಲಾಗುವುದರಿಂದ, ಮುಂಗಡದ ಹಣವನ್ನು ಕಳುಹಿಸುವ ಮುನ್ನವೇ ಇಲ್ಲಿನ ಕಸ್ಟಮ್ಸ್ ಏಜೆಂಟರನ್ನು ಕಂಡು ಕೇಳಬೇಕು. ಮೇಳದಲ್ಲಿ ಮಳಿಗೆ ಹಾಕಿದವರೆಲ್ಲರೂ ತಯಾರಕರಲ್ಲ, ದಲ್ಲಾಳಿಗಳೂ ಇರುವುದುಂಟು. ಆದಕಾರಣ ಮೇಳ ಮುಗಿದ ಮೇಲೆ ಎರಡು ದಿನ ಹೆಚ್ಚಾಗಿ ಉಳಿದುಕೊಂಡು ಅವರ ಕಾರ್ಖಾನೆಯನ್ನು ಕಣ್ಣಾರೆ ಕಂಡು ಬರುವಂತೆ ಹಿಂದಿರುಗುವ ಟಿಕೆಟನ್ನು ಮಾಡಿಸಿಕೊಳ್ಳಿ. ಪಂಪಿನ ಬುಷ್ಷು ಆ ಚೀಲದಲ್ಲಿಯೂ ಇರಲಿ.