ಹೊಂಡದ ಪಕ್ಕ ಒಂದು ಬೋರ್ಡು

ಕೃಷಿ ಹೊಂಡಕ್ಕೆ ಬಿದ್ದು ಸತ್ತವರ ಸುದ್ದಿ ಬರೆಯಲು ನನಗೆ ಹತ್ತು ನಿಮಿಷ ಸಾಕು. 'ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಮೃತಪಟ್ಟಿದ್ದಾನೆ. ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.' ಹೆಸರು, ವಯಸ್ಸು, ಊರು ಬದಲಾಯಿಸಿದರೆ ಹಳೇ ಸುದ್ದಿಯೇ ಹೊಸ ಸುದ್ದಿ. ಹೇಳಬೇಕೆಂದರೆ ಅದೂ ಒಂದು ಅಚ್ಚು. ತಗಡಿನ ಅಚ್ಚಿನ ಮೇಲೆ ಬಣ್ಣ ಒತ್ತಿದ ಹಾಗೆ, ಪ್ರತಿ ಸಲವೂ ಅದೇ ಅಕ್ಷರ ಬೀಳುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಊರಲ್ಲಿ ಹತ್ತು ವರ್ಷದ ಹುಡುಗ ಹೋದ. ಬೇಸಿಗೆ ರಜೆಗೆ ನೆಂಟರ ಮನೆಗೆ ಬಂದಿದ್ದವನು. ಆ ಊರಿನ ಹುಡುಗರಾಗಿದ್ದರೆ ಹೊಂಡದ ಹತ್ತಿರ ಹೋಗುತ್ತಿರಲಿಲ್ಲವೇನೋ. ಅವನಿಗೆ ಗೊತ್ತಿರಲಿಲ್ಲ.

ನಾನು ಹೋದಾಗ ಹೊಂಡದ ಪಕ್ಕ ಒಂದು ಬೋರ್ಡ್ ಇತ್ತು. ಯೋಜನೆಯ ಹೆಸರು, ಫಲಾನುಭವಿಯ ಹೆಸರು, ಖರ್ಚು, ಅಳತೆ. 12 × 12 × 3 ಮೀಟರ್. ಅಂದರೆ ಹತ್ತಡಿಗೆ ಕೂದಲೆಳೆಯಷ್ಟು ಕಡಿಮೆ ಆಳ. ಆಳ ಬೋರ್ಡಿನ ಮೇಲೇ ಬರೆದಿತ್ತು. ಹತ್ತು ವರ್ಷದ ಹುಡುಗನಿಗೆ ಅರ್ಥವಾಗುವ ಹಾಗೆ ಬರೆದಿರಲಿಲ್ಲ, ಅಷ್ಟೇ. ನಾನೂ ಆ ಅಳತೆಯನ್ನು ಸುದ್ದಿಗೆ ನೋಟ್ ಮಾಡಿಕೊಂಡು ಬಂದೆ.

2014ರಲ್ಲಿ ಕೃಷಿ ಭಾಗ್ಯ ಶುರುವಾದ ಮೇಲೆ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಇಂಥ ಹೊಂಡ ಬಹಳ ಆದವು. ಅವುಗಳಿಂದ ಬೆಳೆ ಉಳಿದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಇಂಗಬಾರದೆಂದು ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೆಂದರೆ ಪಾಚಿ ಕಟ್ಟಿದ ಬಂಡೆಗಿಂತ ಜಾಸ್ತಿ ಜಾರುತ್ತದೆ. ಕೆರೆಯಲ್ಲಾದರೆ ದಡದ ಮಣ್ಣಿಗೆ ಬೆರಳು ಊರಬಹುದು. ಇಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬರುವವರೂ ಮೇಲೆ ಬರಲಾರದೆ ಸೋತದ್ದು ಇದಕ್ಕೇ.

ಹೊಂಡದ ಯಜಮಾನರು ನನಗೆ ದೂರದ ನೆಂಟರು. ತಿಥಿ ಎಲ್ಲ ಮುಗಿದ ಮೇಲೆ ನಾನೇ ಒಮ್ಮೆ ಕೇಳಿದೆ, ಎಚ್ಚರಿಕೆ ಬೋರ್ಡ್ ಒಂದು ಹಾಕೋಣವಾ ಅಂತ. ಅವರು ಮುಖ ತಿರುಗಿಸಿದರು. "ಈಗ ಬೋರ್ಡ್ ಹಾಕಿದ್ರೆ ತಪ್ಪು ನಂದೇ ಅಂತ ಒಪ್ಕಂಡಂಗೆ ಆಗಲ್ವೇನಪ್ಪಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಟು ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು. "ರಜೆ ಬಂತು ನೋಡು. ಅದೇನೋ ಬೋರ್ಡ್ ಅಂದಿದ್ದೆಯಲ್ಲ?"

ಫ್ಲೆಕ್ಸ್ ಬೇಡ ಅನ್ನುವುದು ಮೊದಲೇ ತೀರ್ಮಾನವಾಗಿತ್ತು. 2016ರ ಮಾರ್ಚ್‌ನಲ್ಲೇ ನಮ್ಮ ಸರ್ಕಾರ ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತ್ತು. ನಮ್ಮ ಸರ್ಕಲ್ ನೋಡಿದರೆ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು. ಕಾನೂನು ಬಿಡಿ, ನಮ್ಮ ಬಿಸಿಲಿಗೆ ಫ್ಲೆಕ್ಸಿನ ಕೆಂಪು ಮೊದಲು ಹೋಗುತ್ತದೆ, ಆಮೇಲೆ ಗಾಳಿಗೆ ಹರಿಯುತ್ತದೆ, ಕೊನೆಗೆ ಯಾರದೋ ಬಣವೆ ಮುಚ್ಚುತ್ತದೆ. ತಗಡಿನ ಮೇಲೆ ಎನಾಮೆಲ್ ಪೇಂಟ್ ಆದರೆ ವರ್ಷಗಟ್ಟಲೆ ನಿಲ್ಲುತ್ತದೆ.

ನನ್ನ ಸೋದರಮಾವ ಬೋರ್ಡ್ ಬರೆಯುವ ಪೇಂಟರ್ ಆಗಿದ್ದವರು. ಗೋಡೆ ಮೇಲಿನ ಸಿಮೆಂಟು, ಬಿತ್ತನೆ ಬೀಜದ ಜಾಹೀರಾತು, ಶಾಲೆ ಹೆಸರು, ಬಸ್ಸಿನ ಬೆನ್ನು ಎಲ್ಲ ಬರೆದವರು. ಈಗ ಕೈ ನಡುಗುತ್ತದೆ. "ನಾನು ಗೆರೆ ಎಳೆದ್ರೆ ಹಾವು ಹರಿದಂಗಾಗುತ್ತೆ ಅಳಿಯಾ. ಬೇರೆ ದಾರಿ ನೋಡು" ಅಂದರು.

ಆ ಬೇರೆ ದಾರಿ ನಮ್ಮ ತಾಲ್ಲೂಕಿನ ರೇಡಿಯಂ ಅಂಗಡಿಯಲ್ಲಿತ್ತು. ಬೈಕಿನ ನಂಬರ್, ಟ್ರ್ಯಾಕ್ಟರ್ ಮೇಲೆ 'ತಾಯಿಯ ಆಶೀರ್ವಾದ' ಅಂತೆಲ್ಲ ಕತ್ತರಿಸುತ್ತಾರಲ್ಲ, ಆ ಮೆಷಿನ್. ಕಂಪ್ಯೂಟರಲ್ಲಿ ಅಕ್ಷರ ಕೂರಿಸಿದರೆ ಉಗುರಿನ ತುದಿಯಷ್ಟು ಬ್ಲೇಡು ಹಾಳೆಯ ಮೇಲೆ ಓಡಿ ಅದೇ ಗೆರೆಯಲ್ಲಿ ಕತ್ತರಿಸುತ್ತದೆ. ಅಂಗಡಿಯದು ಎರಡಡಿ ಅಗಲದ್ದು. ಮನೆಯಲ್ಲಿ ಟೇಬಲ್ ಮೇಲೆ ಇಟ್ಟುಕೊಳ್ಳುವ ಕ್ರಿಕಟ್‌ನಂಥ ಚಿಕ್ಕ ಮೆಷಿನ್‌ಗಳೂ ಇವೆ, ಅವು ಹೆಚ್ಚೂಕಮ್ಮಿ ಒಂದಡಿ ಅಗಲ ಕತ್ತರಿಸುತ್ತವೆ. ಯಾವುದಾದರೂ ಕೆಲಸ ಒಂದೇ.

ನಾನು ಬರೆದುಕೊಂಡು ಹೋದ ವಾಕ್ಯ ಇದು: 'ಮಕ್ಕಳು ಹಾಗೂ ಸಾರ್ವಜನಿಕರು ಕೃಷಿ ಹೊಂಡದಲ್ಲಿ ಈಜುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.' ಅಂಗಡಿ ಹುಡುಗ ಅದನ್ನು ನನ್ನ ವಾಟ್ಸಾಪಿಂದ ಕಾಪಿ ಮಾಡಿ ತನ್ನ ಹಳೇ ಸಾಫ್ಟ್‌ವೇರಿಗೆ ಹಾಕಿದ. ಪರದೆ ಮೇಲೆ 'ಮಕ್‌ಕಳು' ಅಂತ ಬಂತು. ಒತ್ತಕ್ಷರ ಎಲ್ಲ ಕಳಚಿ ಪಕ್ಕಕ್ಕೆ ನಿಂತಿದ್ದವು. ಫೋನಿನ ಕನ್ನಡ ಯುನಿಕೋಡ್. ಹಳೇ ಸಾಫ್ಟ್‌ವೇರಿಗೆ ಅದರ ಒತ್ತು, ಗುಣಿತ ಕೂಡಿಸಲು ಬರುವುದಿಲ್ಲ. ಹಾಗಾಗಿ ನುಡಿಯ ಹಳೇ ಫಾಂಟಿನಲ್ಲಿ ಮೊದಲಿಂದ ಟೈಪ್ ಮಾಡಬೇಕಾಯಿತು.

ಅಲ್ಲಿ ಇನ್ನೊಂದು ತೊಡಕು. ಆ ಹಳೇ ಫಾಂಟುಗಳಲ್ಲಿ ಒಂದು ಅಕ್ಷರ ಎರಡು ಮೂರು ತುಂಡು ಸೇರಿ ಆಗಿರುತ್ತದೆ. ಕಣ್ಣಿಗೆ ಒಂದೇ ಅಕ್ಷರ, ಮೆಷಿನ್‌ಗೆ ಒಂದರ ಮೇಲೊಂದು ಬಿದ್ದ ತುಂಡುಗಳು. ತುಂಡು ಸೇರುವ ಜಾಗದಲ್ಲೂ ಬ್ಲೇಡು ಗೆರೆ ಎಳೆಯುತ್ತದೆ, ಅಕ್ಷರ ಚೂರು ಚೂರು. ಕತ್ತರಿಸುವ ಮುಂಚೆ ಅಕ್ಷರವನ್ನು ಗೆರೆಯಾಗಿ ಮಾರ್ಪಡಿಸಿ, 'ವೆಲ್ಡ್' ಒತ್ತಿ ತುಂಡುಗಳನ್ನೆಲ್ಲ ಬೆಸೆಯಬೇಕು. ಇದು ಹೊಳೆಯುವಷ್ಟರಲ್ಲಿ ಒಂದೂವರೆ ಮೀಟರ್ ಸ್ಟಿಕರ್ ಹೋಗಿತ್ತು.

ಮೂರನೆಯದನ್ನು ಮೆಷಿನ್ ಸರಿಯಾಗಿ ಕತ್ತರಿಸಿತು. ಹುಡುಗ ಅಭ್ಯಾಸಬಲದಿಂದ ಸುತ್ತಲಿನ ಹಾಳೆ ಕಿತ್ತು ಅಕ್ಷರ ಉಳಿಸಿಬಿಟ್ಟ! ರೇಡಿಯಂ ಕೆಲಸದಲ್ಲಿ ಅಕ್ಷರ ಉಳಿಯಬೇಕು, ಸುತ್ತಲಿನದು ಹೋಗಬೇಕು. ಪೇಂಟಿಗೆ ತಿರುಗಾಮುರುಗಾ. ಅಕ್ಷರ ಹೋಗಿ ಅದರ ಜಾಗ ಖಾಲಿ ಉಳಿಯಬೇಕು. ಇಬ್ಬರೂ ನಕ್ಕೆವು, ಆದರೆ ದುಡ್ಡು ನನ್ನದು.

ಕಾಗದದ ಮೇಲೆ ಬರೆದಿದ್ದ ಆ ವಾಕ್ಯವನ್ನು ಮಾವನಿಗೆ ತೋರಿಸಿದೆ. ಅವರು ಓದಲೇ ಇಲ್ಲ, ಮೂರನೇ ಕ್ಲಾಸಿನ ಮೊಮ್ಮಗಳ ಕೈಗೆ ಕೊಟ್ಟರು. ಅವಳು 'ಮಕ್ಕಳು ಹಾಗೂ ಸಾ... ಸಾರ್...' ಅಂತ ತಡವರಿಸಿ, 'ನಿಷೇಧಿಸಲಾಗಿದೆ' ಹತ್ತಿರ ನಿಂತುಬಿಟ್ಟಳು. "ಹಂಗಂದ್ರೇನು ತಾತ?"

ಮಾವ ನನ್ನ ಕಡೆ ನೋಡಿದರು. "ಯಾರಿಗೆ ಬರೀತಿದೀಯ ಅಳಿಯಾ, ಹುಡುಗ್ರಿಗಾ, ಆಫೀಸಿಗಾ?"

ಹತ್ತು ವರ್ಷದಿಂದ ಸುದ್ದಿ ಬರೆಯುತ್ತಿದ್ದೇನೆ, ಯಾವ ಡೆಸ್ಕಿನವರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಆ ಬೆಳಗ್ಗೆ ಜಗಲಿ ಮೇಲೆ ಕೂತು ನಾವು ಮೂವರೂ ಸೇರಿ ಬರೆದದ್ದು ಇಷ್ಟು:

ಹೊಂಡ ಆಳ.
ಜಾರುತ್ತದೆ.
ಇಳಿಯಬೇಡಿ.

ಮೊಮ್ಮಗಳು ಒಂದೇ ಉಸಿರಿಗೆ ಓದಿದಳು. ಓದು ಬಾರದವರಿಗೆ, ಕೆಲಸಕ್ಕೆ ಬಂದ ಹೊರಗಿನವರಿಗೆ ಅಂತ ಪಕ್ಕದಲ್ಲಿ ನೀರಲ್ಲಿ ಕೈ ಎತ್ತಿದ ಮನುಷ್ಯನ ಚಿತ್ರ, ಅದರ ಮೇಲೆ ಅಡ್ಡಗೆರೆ. ಕೆಳಗೆ 112.

ಅಕ್ಷರದ ಗಾತ್ರಕ್ಕೆ ಬೋರ್ಡ್ ಬರೆಯುವವರಲ್ಲಿ ಒಂದು ಲೆಕ್ಕವಿದೆ. ಒಂದು ಇಂಚು ಎತ್ತರದ ಅಕ್ಷರ ಹತ್ತಡಿ ದೂರದಿಂದ ಸಲೀಸಾಗಿ ಓದಿಸುತ್ತದೆ. ನಾವು ನಾಲ್ಕು ಇಂಚು ಇಟ್ಟೆವು, ನಲವತ್ತಡಿಗೆ. ಕನ್ನಡದಲ್ಲಿ ಒತ್ತಿಗೆ ಕೆಳಗೆ ಬೇರೆ ಜಾಗ ಬೇಕು. ಸಾಲು ಹತ್ತಿರ ಬಂದರೆ 'ಜಾರುತ್ತದೆ'ಯ ತ-ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ದಪ್ಪ ಫಾಂಟ್ ಚೆಂದ ಅಂತ ಹಾಕಿದರೆ ದೂರಕ್ಕೆ ಅಕ್ಷರದ ಹೊಟ್ಟೆ ಮುಚ್ಚಿಹೋಗಿ ಎಲ್ಲವೂ ಉಂಡೆ ಉಂಡೆಯಾಗಿ ಕಾಣುತ್ತದೆ. ಹಳದಿ ಮೇಲೆ ಕಪ್ಪು, ನಡುತರದ ದಪ್ಪ, ಸಾಕು.

ಬಣ್ಣದ ಕೆಲಸ ನೀವೂ ಮಾಡಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹಳೇ ಕಬ್ಬಿಣದ ತಗಡಿಗೆ ಉಪ್ಪುಕಾಗದ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಎರಡು ಕೋಟ್ ಹಳದಿ ಎನಾಮೆಲ್. ಎರಡು ದಿನ ಒಣಗಲು ಬಿಡಿ. ಅವಸರ ಮಾಡಿದರೆ ಸ್ಟಿಕರ್ ಕೀಳುವಾಗ ಹಳದಿಯೂ ಎದ್ದು ಬರುತ್ತದೆ. ಆಮೇಲೆ ಸ್ಟಿಕರ್ ಅಂಟಿಸಿ, ಅಂಚುಗಳನ್ನು ಹಳೇ ಎಟಿಎಂ ಕಾರ್ಡಿನಿಂದ ಗಟ್ಟಿಯಾಗಿ ತೀಡಬೇಕು.

ಇಲ್ಲಿ ಮಾವ ಹೇಳಿಕೊಟ್ಟ ಒಂದು ಉಪಾಯವಿದೆ. ಎಷ್ಟೇ ತೀಡಿದರೂ ಬಣ್ಣ ಅಂಚಿನ ಕೆಳಗೆ ನುಸುಳುತ್ತದೆ. ಅದಕ್ಕೆ ಕಪ್ಪು ಹಚ್ಚುವ ಮುಂಚೆ ಖಾಲಿ ಅಕ್ಷರದ ಒಳಗೆ ತಳದ ಹಳದಿಯನ್ನೇ ತೆಳ್ಳಗೆ ಹಚ್ಚಿ. ನುಸುಳುವುದಿದ್ದರೆ ಹಳದಿಯೇ ನುಸುಳಿ ಸಂದು ಮುಚ್ಚುತ್ತದೆ, ಹಳದಿ ಮೇಲೆ ಹಳದಿ ಯಾರಿಗೂ ಕಾಣುವುದಿಲ್ಲ. ಅದು ಆರಿದ ಮೇಲೆ ಕಪ್ಪು. ಬ್ರಷ್‌ನಲ್ಲಿ ಎಳೆಯಬೇಡಿ, ಸ್ಪಂಜಿನ ತುಂಡಿನಿಂದ ತಟ್ಟಿ. ತೆಳ್ಳಗೆ ಎರಡು ಸಲ. ಎರಡನೆಯದು ಪೂರ್ತಿ ಒಣಗುವ ಮುಂಚೆ, ಇನ್ನೂ ಸ್ವಲ್ಪ ಅಂಟು ಇರುವಾಗಲೇ, ಸ್ಟಿಕರನ್ನು ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಕೀಳಬೇಕು.

ತಟ್ಟಿದ್ದು ನಾನಲ್ಲ. ಯಜಮಾನರು ಬಂದಿದ್ದರು. ನನ್ನ ಕೈಯಿಂದ ಸ್ಪಂಜು ತಗೊಂಡು ಮೂರು ಸಾಲನ್ನೂ ಅವರೇ ತಟ್ಟಿದರು. ಒಂದು ಮಾತೂ ಆಡಲಿಲ್ಲ. 'ಇಳಿಯಬೇಡಿ' ಮುಗಿಸುವಾಗ ಕೈ ಮಾವನದ್ದಕ್ಕಿಂತ ಜಾಸ್ತಿ ನಡುಗುತ್ತಿತ್ತು. ಅಚ್ಚು ಇದ್ದದ್ದರಿಂದ ಅಕ್ಷರ ನೆಟ್ಟಗೆ ಬಂತು.

ಬೋರ್ಡ್ ನೆಟ್ಟ ವಾರದೊಳಗೆ ಇನ್ನೂ ನಾಲ್ಕು ಹೊಂಡದವರು ಕೇಳಿದರು. ಸ್ಟಿಕರ್ ಒಂದೇ ಸಲಕ್ಕೆ ಬರುವುದು, ಕಿತ್ತರೆ ಮುಗಿಯಿತು. ಹಾಗಾಗಿ ಮತ್ತೆ ಮತ್ತೆ ಬಳಸುವಂಥ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಮೇಲೆ ಅದನ್ನೇ ಕತ್ತರಿಸಿದೆವು. ಎತ್ತಿದ ಕೂಡಲೇ 'ಹೊಂಡ'ದ ಸೊನ್ನೆಯ ನಡುವಿನ ಬಿಲ್ಲೆ ಟಪ್ಪೆಂದು ನೆಲಕ್ಕೆ ಬಿತ್ತು. 'ರು' ಒಳಗಿನದೂ ಬಿತ್ತು. ಸ್ಟಿಕರಿನಲ್ಲಿ ಆ ನಡುಬಿಲ್ಲೆಗಳು ಮೇಲಿನ ಟೇಪಿಗೆ ಅಂಟಿಕೊಂಡು ಬಂದು ತಮ್ಮ ಜಾಗದಲ್ಲೇ ಕೂರುತ್ತವೆ. ಬಿಡಿ ಹಾಳೆಯಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹಾಗೇ ಬಣ್ಣ ತಟ್ಟಿದರೆ ಸೊನ್ನೆ ಹೋಗಿ ಕಪ್ಪು ಚುಕ್ಕೆಯಾಗುತ್ತದೆ.

ಮಾವ ಪೆನ್ಸಿಲ್ ತಗೊಂಡು ಕಾಗದದ ಮೇಲೆ ತೋರಿಸಿದರು. ಸೊನ್ನೆಯ ಮೇಲೊಂದು ಕೆಳಗೊಂದು ಸಣ್ಣ ಸೇತುವೆ ಬಿಡಬೇಕು, ಕತ್ತರಿಸದೆ ಉಳಿಸಿದ ಪಟ್ಟಿ. 'ರ'ಗೆ ಮಾತ್ರ ಸೇತುವೆ ಪಕ್ಕದಲ್ಲಿರಬೇಕು. ಮೇಲೆ ಬಿಟ್ಟರೆ ತಲೆಕಟ್ಟು ಕಳಚಿ ಬಿದ್ದ ಹಾಗೆ ಕಾಣುತ್ತದೆ. 'ಠ' ಬಂದರೆ ಇನ್ನೂ ಹುಷಾರು, ಅದರ ಹೊಟ್ಟೆಯೊಳಗೆ ಚುಕ್ಕೆಯೂ ಇದೆ. ಇಂಗ್ಲಿಷ್ ಅಕ್ಷರಗಳಿಗೆ ಸೇತುವೆ ಸಮೇತ ಬರುವ ಫಾಂಟುಗಳಿವೆ. ನಮ್ಮ ಅಂಗಡಿಯ ಕಂಪ್ಯೂಟರಲ್ಲಿ ಕನ್ನಡಕ್ಕೆ ಅಂಥದ್ದಿರಲಿಲ್ಲ. ಒಂದೊಂದು ಅಕ್ಷರ ನೋಡಿ ನಾವೇ ಇಟ್ಟೆವು. 112ಕ್ಕೆ ಸೇತುವೆಯೇ ಬೇಕಾಗಲಿಲ್ಲ, ಆ ಅಂಕಿಗಳಿಗೆ ಹೊಟ್ಟೆಯೇ ಇಲ್ಲ! ಬಣ್ಣ ಒಣಗಿದ ಮೇಲೆ ಸೇತುವೆ ಬಿಟ್ಟ ಖಾಲಿ ಗೆರೆಗಳನ್ನು ಮಾವ ಸಣ್ಣ ಬ್ರಷ್‌ನಿಂದ ತುಂಬಿದರು. ಕಾಲಿಂಚಿನ ಗೆರೆಗೆ ಅವರ ಕೈ ಇನ್ನೂ ಸಾಲುತ್ತದೆ.

ಮೆಷಿನ್ ಬಗ್ಗೆ ನನಗೆ ಸಿಟ್ಟಿಲ್ಲ. ಅದಿಲ್ಲದಿದ್ದರೆ ಐದು ಬೋರ್ಡ್ ಆಗುತ್ತಿರಲಿಲ್ಲ. ಅದಕ್ಕೆ ಕತ್ತರಿಸುವುದು ಬರುತ್ತದೆ, ಓದುವುದು ಬರುವುದಿಲ್ಲ. 'ಮಕ್‌ಕಳು' ಅಂತ ಕೊಟ್ಟರೆ ಅದನ್ನೂ ಅಷ್ಟೇ ನೀಟಾಗಿ ಕತ್ತರಿಸುತ್ತದೆ. ಯಾರು ಓದುತ್ತಾರೆ, ಎಷ್ಟು ದೂರದಿಂದ, ಎಷ್ಟನೇ ಕ್ಲಾಸು ಅನ್ನುವುದನ್ನು ನಾವೇ ಯೋಚಿಸಬೇಕು.

ಇನ್ನೊಂದು ಮಾತು. ಜಾರಿದ ಮೇಲೆ ಬೋರ್ಡ್ ಯಾರನ್ನೂ ಎತ್ತುವುದಿಲ್ಲ. ಮೊದಲು ಬೇಲಿ. ಆಮೇಲೆ ದಡದ ಗೂಟಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಟ್ಟ ದಪ್ಪ ಹಗ್ಗ, ಅಡಿಗೊಂದು ಗಂಟು ಹಾಕಿದ್ದು, ಒಂದೊಂದು ಬದಿಗೂ ಒಂದು. ಗಾಳಿ ತುಂಬಿದ ಹಳೇ ಲಾರಿ ಟ್ಯೂಬ್ ಒಂದು. ಆಮೇಲೆ ಬೋರ್ಡು, ಹುಡುಗರ ಕಣ್ಣಿನ ಎತ್ತರಕ್ಕೆ. ಐದೂ ಹೊಂಡಗಳಲ್ಲಿ ಈಗ ಹಗ್ಗ ಇದೆ. ಎರಡಕ್ಕೆ ಮಾತ್ರ ಬೇಲಿ ಪೂರ್ತಿಯಾಗಿದೆ.

ಹೋದ ತಿಂಗಳು ಬೇರೆ ಹೋಬಳಿಯಿಂದ ಮತ್ತೆ ಅಂಥದ್ದೇ ಸುದ್ದಿ ಬಂತು. ಬರೆಯಲು ಕೂತೆ. 'ಆಕಸ್ಮಿಕವಾಗಿ ಕಾಲು ಜಾರಿ' ಅಂತ ಬೆರಳು ತಾನೇ ಹೊಡೆಯಿತು. ಅಳಿಸಿದೆ. ಹೊಂಡಕ್ಕೆ ಬೇಲಿ ಇರಲಿಲ್ಲ, ಹಿಡಿಯಲು ಹಗ್ಗ ಇರಲಿಲ್ಲ, ಆಳ ಮೂರು ಮೀಟರ್ ಅಂತ ಬರೆದು ಕಳಿಸಿದೆ. ಪೇಪರಿನಲ್ಲಿ 'ಆಕಸ್ಮಿಕವಾಗಿ ಕಾಲು ಜಾರಿ' ಅಂತಲೇ ಬಂತು. ಮುಂದಿನ ಸಲವೂ ಹಾಗೇ ಬರೆದು ಕಳಿಸುತ್ತೇನೆ.

ಅಚ್ಚಿನ ಹಾಳೆ ನಮ್ಮ ಮನೆಯಲ್ಲಿದೆ, ಸೀಮೆಎಣ್ಣೆಯಲ್ಲಿ ಒರೆಸಿ ಗೋಡೆಗೆ ನೇತುಹಾಕಿದ್ದೇನೆ. ನಿಮ್ಮೂರಲ್ಲಿ ಹೊಂಡ ಇದ್ದರೆ ಒಂದು ಹಳೇ ತಗಡು ತನ್ನಿ. ಬಣ್ಣ ಒಣಗಲು ಎರಡು ದಿನ ಬೇಕು. ಆದ್ದರಿಂದ ರಜೆ ಶುರುವಾಗುವ ಮುಂಚೆಯೇ ಬನ್ನಿ.